ಬಿಟ್ಟ ಜಾಗದಲ್ಲಿ ಯಾರದೋ ದನಿ

ಪಾಠ ಮಾಡುವಾಗ ಅರ್ಧ ಮಾತಿಗೆ ನಿಲ್ಲಿಸುವುದು ನನ್ನ ರೂಢಿ. "ಬಿಸಿಲಿಗೆ ನೀರು ಆವಿಯಾಗಿ ಮ್ಯಾಲಕ್ಕ..." ಎಂದು ನಾನು ಬಾಯಿ ಮುಚ್ಚಿದರೆ, "ಹೋಗ್ತದ್ರೀ ಮಿಸ್" ಎಂದು ಇಡೀ ಒಂಬತ್ತನೇ ಕ್ಲಾಸು ಕೂಗಬೇಕು. ಕೂಗು ಬರಲಿಲ್ಲವೆಂದರೆ ಪಾಠ ಇನ್ನೂ ನನ್ನ ಬಾಯಲ್ಲೇ ಇದೆ ಎಂದು ಅರ್ಥ. ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ ನಾನು ವಿಜ್ಞಾನದ ಅತಿಥಿ ಶಿಕ್ಷಕಿ. ಕೂಗು ಜೋರಾದ ದಿನ ಪಕ್ಕದ ಕ್ಲಾಸಿನ ಮಹಾಂತಯ್ಯ ಮೇಷ್ಟ್ರು ಬಾಗಿಲಿಗೆ ಬಂದು, "ಸುಮಂಗಲಾ ಮೇಡಂ, ಒಳಗ ಪಾಠ ನಡದದೋ, ಜಗಳ ನಡದದೋ?" ಎನ್ನುತ್ತಾರೆ.

ಆ ಕೂಗಿನಲ್ಲಿ ಎಲ್ಲರಿಗಿಂತ ಒಂದು ಉಸಿರು ತಡವಾಗಿ ಬರುವ ದನಿ ಪ್ರಿಯದರ್ಶಿನಿಯದು. ಯೋಚನೆ ಮಾಡಿ ಹೇಳುವ ಹುಡುಗಿ. ದಸರೆ ರಜೆ ಮುಗಿದ ಮೇಲೆ ಅವಳು ಬರಲಿಲ್ಲ, ಅವಳ ತಾಯಿ ಗೋಪಮ್ಮ ಬಂದಳು.

"ನಮ್ಮವ್ವ ನನ್ನ ತವರೂರು ಗೂಗಲ್ದಾಗ ಹಾಸಿಗಿ ಹಿಡದಾಳ್ರೀ. ನಾ ಕೂಲಿಗೆ ಹೋದ್ರ ಆಕಿ ಹತ್ರ ಯಾರರ ಕುಂದ್ರಬೇಕಲ್ರೀ. ಹುಡುಗಿ ಹೆಸರು ತೆಗೀಬ್ಯಾಡ್ರಿ ಯವ್ವಾ, ಪರೀಕ್ಷಾಕ್ಕ ಕರಕೊಂಡು ಬರ್ತೀನಿ."

"ಮತ್ತ ಪಾಠ?"

"ಫೋನ್ ಅದಲ್ರೀ. ಅದ್ರಾಗ ಎಲ್ಲಾ ಬರ್ತದಂತ."

ಅವಳ ಮಾತನ್ನು ನಾನೂ ನಂಬಿದೆ. ಗೂಗಲ್ ಇರುವುದು ಅತ್ತ ದೇವದುರ್ಗ ತಾಲ್ಲೂಕಿನ ಕೃಷ್ಣೆಯ ದಂಡೆಯಲ್ಲಿ. ದಿನಾ ಹೋಗಿ ಬರುವ ದಾರಿಯಲ್ಲ. ರಾಯಚೂರಿನಲ್ಲಿ ಮೊಬೈಲ್ ಅಂಗಡಿಯೊಂದರ ಮಾಳಿಗೆಯ ಮೇಲೆ ಶೇಖರ ಎಂಬವನು ಆನ್‌ಲೈನ್ ಪಾಠದ ವಿಡಿಯೋ ಮಾಡುತ್ತಾನೆಂದು ಕೇಳಿದ್ದೆ. ಅಲ್ಲಿ ಪಾಠ ಮಾಡಿದರೆ ಅವಳಿಗೂ ಮುಟ್ಟುತ್ತದೆಂದು ಭಾನುವಾರ ಬಸ್ಸು ಹತ್ತಿದೆ.

ಕೋಣೆಗೆ ಹಸಿರು ಬಟ್ಟೆ ಹೊದಿಸಿದ್ದರು. ಸದ್ದಾಗುತ್ತದೆಂದು ಫ್ಯಾನನ್ನೂ ಆರಿಸಿದ್ದರು. ಬೆವರು ಸುರಿಸುತ್ತ ಬೆವರು ಆರುವ ಪಾಠ ಶುರು ಮಾಡಿದೆ.

"ಮೇಡಂ, ನಡುನಡುವ ನಗ್ರಿ," ಎಂದ ಶೇಖರ.

"ಯಾರನ್ನ ನೋಡಿ ನಗಲಿ?"

"ಅಲ್ಲಿ ಕೆಂಪು ಲೈಟ್ ಅದಲ್ರೀ, ಅದನ್ನ ನೋಡಿ."

ಕೆಂಪು ಲೈಟಿಗೆ ನಕ್ಕೆ. "ಮಣ್ಣಿನ ಗಡಗ್ಯಾಗ ನೀರು ತಣ್ಣಗ ಇರ್ತದ, ಯಾಕಂದ್ರ..." ಎಂದು ರೂಢಿಯಂತೆ ನಿಂತೆ. ಯಾರೂ ಕೂಗಲಿಲ್ಲ.

"ಮರತ್ರೇನು?"

"ಇಲ್ಲ. ಹುಡುಗ್ರು ಹೇಳಲಿ ಅಂತ."

"ಬಿಡ್ರಿ, ಆ ಜಾಗ ನಾ ತುಂಬ್ತೀನಿ."

ಏನು ತುಂಬುತ್ತೀ ಎಂದು ನಾನು ಕೇಳಲಿಲ್ಲ. ಅಜ್ಜಿಯ ಹಾಸಿಗೆ ಪಕ್ಕದಲ್ಲಿ ಕೂತ ಪ್ರಿಯದರ್ಶಿನಿ ಆ ಜಾಗದಲ್ಲಿ ಉತ್ತರ ಹೇಳುತ್ತಾಳೆ ಎಂದೇ ಬಸ್ಸಿನುದ್ದಕ್ಕೂ ನೆನೆಸಿಕೊಂಡು ಬಂದೆ.

ವಿಡಿಯೋ ಬಂದ ಮರುದಿನ ಅವಳ ಫೋನು ಬಂತು.

"ಮಿಸ್, ನಿಮ್ಮ ಹೊಸ ಕ್ಲಾಸಿನ್ಯಾಗ ಎಷ್ಟು ಮಂದಿ ಅದಾರ್ರೀ?"

"ಯಾವ ಕ್ಲಾಸವ್ವಾ?"

"ವಿಡಿಯೋದಾಗಿಂದು. ನಾ ಬಾಯಿ ತೆಗೆಯೋದ್ರಾಗ ಯಾರೋ ಹೇಳಿಬಿಡ್ತಾರ್ರೀ." ಆಮೇಲೆ ಸಣ್ಣಗೆ, "ತಪ್ಪು ಹೇಳೋಳು ನನ್ನಂಗ ಮಾತಾಡ್ತಾಳ್ರೀ ಮಿಸ್. ನಮ್ಮಜ್ಜಿ, ಅದು ನೀನೇನಬೇ ಅಂತ ಕೇಳಿದಳು."

ನೋಡಿದೆ. ನಾನು ಬಿಟ್ಟ ಜಾಗದಲ್ಲಿ ಹುಡುಗಿಯೊಬ್ಬಳ ದನಿ: "ಗಡಗ್ಯಾಗ ಬರ್ಫ ಕುಂತಿರ್ತದ್ರೀ ಮಿಸ್." ಕೂಡಲೇ ಕತ್ತೆ ಅರಚಿದಂಥ ಸದ್ದು, ಹೋ ಎಂದು ನಗು. ಆಮೇಲೆ ಪುಸ್ತಕದಿಂದ ಎದ್ದು ಬಂದಂತಹ ತಿಳಿಯಾದ ಇನ್ನೊಂದು ದನಿ: "ಆವಿಯಾಗುವಿಕೆಯಿಂದ, ಮಿಸ್." ಪಾಠದುದ್ದಕ್ಕೂ ಇದೇ. ತಪ್ಪುಗಳೆಲ್ಲ ನಮ್ಮ ಮಾತಿನಲ್ಲಿ, ಸರಿಗಳೆಲ್ಲ ಆ ಇನ್ನೊಂದರಲ್ಲಿ. ಅದಕ್ಕಿಂತ ಹೇಸಿಗೆಯ ಸಂಗತಿ ಬೇರೆಯೇ ಇತ್ತು. ಕೆಂಪು ಲೈಟಿಗೆ ನಾನು ನಕ್ಕ ನಗುವನ್ನು ಕತ್ತರಿಸಿ, ಪ್ರತಿ ತಪ್ಪಿನ ಹಿಂದೆ ಅಂಟಿಸಿದ್ದರು. ಹಲ್ಲು ಬಿಟ್ಟುಕೊಂಡು ಆ ಹುಡುಗಿಯನ್ನು ನೋಡಿ ನಗುತ್ತಿದ್ದವಳು ನಾನೇ.

ಮುಂದಿನ ಭಾನುವಾರ ಮತ್ತೆ ಮಾಳಿಗೆ ಹತ್ತಿದೆ.

"ಆ ಹುಡುಗಿ ದನಿ ಯಾರದು?"

ಕ್ಯಾಮೆರಾ ಹಿಡಿಯುವ ಹುಲಿಗೇಶ ಮುಖವೆಲ್ಲ ಅರಳಿಸಿಕೊಂಡು ಎದ್ದ. "ನಂದೇ ರೀ ಮೇಡಂ. ಕಂಪ್ಯೂಟರ್ದಾಗ ಹಾಕಿ ಹುಡುಗಿ ದನಿ ಮಾಡೀವಿ. ಹೆಂಗದ? ಪಕ್ಕಾ ನಮ್ಮ ದೇವದುರ್ಗದ ಮಾತು."

"ನಿನ್ನ ಊರ ಮಾತು ತಪ್ಪು ಉತ್ತರಕ್ಕಷ್ಟೇ ಯಾಕ ಇಟ್ಟೀಪಾ?"

"ಸರಿ ಉತ್ತರ ನಮ್ಮ ಮಾತಿನ್ಯಾಗ ಹೇಳಿದ್ರ ಯಾರು ನಂಬ್ತಾರ್ರೀ?"

ಅವನು ತಮಾಷೆ ಮಾಡುತ್ತಿರಲಿಲ್ಲ. ಬಿಸಿಲಿಗೆ ಬೆವರು ಬರುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿದ. ಶೇಖರ ಚಹಾ ತರಿಸಿದ್ದ. ಒಂದು ಗುಟುಕು ಕುಡಿದೆ.

"ಅದನ್ನ ತೆಗದು ಹಾಕ್ರಿ," ಎಂದೆ.

"ಛಲೋ ಓಡಾಕತ್ತದ ಮೇಡಂ, ಹೆಂಗ ತೆಗೀಲಿ? ಮಂದಿ ನಗಲಿಲ್ಲಂದ್ರ ಬೆರಳಿಲೆ ದೂಡಿ ಮುಂದ ಹೋಗ್ತಾರ. ಎಂಗೇಜ್ ಮಾಡಬೇಕ್ರೀ. ಇನ್ನೊಂದು ಪಾಠ ಮಾಡೋಣು, ಈ ಸಲ ಇನ್ನಷ್ಟು ನಗ್ರಿ."

ಕಪ್ಪನ್ನು ಹಾಗೇ ಇಟ್ಟು ಇಳಿದು ಬಂದೆ. ಬಸ್ಸಿನಲ್ಲಿ ಸೀರೆಯ ಸೆರಗಿಗೆ ಎಷ್ಟು ಸಲ ಬಾಯಿ ಒರೆಸಿಕೊಂಡೆನೋ.

ಸೋಮವಾರ ಪ್ರಿಯದರ್ಶಿನಿಗೆ ವಿಡಿಯೋ ಕಾಲ್ ಮಾಡಿ, ಅವಳು ಕೂರುತ್ತಿದ್ದ ಬೆಂಚಿನ ಮೇಲೆ ನನ್ನ ಫೋನು ನಿಲ್ಲಿಸಿದೆ. ಬೀಳದಂತೆ ಹಿಡಿಯುವ ಕೆಲಸ ಪಕ್ಕದ ಮೆಹನಾಜ್‌ಗೆ. ಗೂಗಲ್‌ನಿಂದ ಮಾತು ತಡವಾಗಿ ಬರುತ್ತದೆ, ಅದು ಬರುವವರೆಗೆ ಯಾರೂ ಕೂಗಬಾರದು ಎಂದು ಕ್ಲಾಸಿಗೆ ಹೇಳಿದೆ. ಆ ವಾರವೆಲ್ಲ ನಾನು ಬಿಟ್ಟ ಜಾಗ ಖಾಲಿಯೇ ಉಳಿಯಿತು. ಹುಡುಗಿ ಕಣ್ಣು ಬಿಟ್ಟು ನೋಡುತ್ತಿದ್ದಳು, ಬಾಯಿ ತೆಗೆಯುತ್ತಿರಲಿಲ್ಲ.

ಶನಿವಾರ ಮತ್ತೆ ಗಡಿಗೆಯ ಪ್ರಶ್ನೆಗೇ ಬಂದೆ. "ನೀರು ತಣ್ಣಗ ಇರ್ತದ, ಯಾಕಂದ್ರ..."

"ಆವಿಯಾಗುವಿಕೆಯಿಂದ, ಮಿಸ್."

ಅದೇ ತಿಳಿಯಾದ ದನಿ, ಅದೇ ರಾಗ. ವಿಡಿಯೋ ನೋಡಿ ನೋಡಿ ಕಲಿತಿದ್ದಳು. ಮೆಹನಾಜ್ ಫೋನನ್ನು ತಿರುಗಿಸಿ, "ಲೇ, ನೀನೇನ?" ಎಂದಳು. ಉತ್ತರ ಸರಿಯಿತ್ತು. ಮಾತು ಮಾತ್ರ ಅವಳದಾಗಿರಲಿಲ್ಲ.

"ಸರಿ ಅದ. ಈಗ ನಿಮ್ಮಜ್ಜಿಗೆ ತಿಳಿಯಂಗ ಹೇಳವ್ವಾ."

ಫೋನಿನಲ್ಲಿ ಅಜ್ಜಿ ಕೆಮ್ಮಿದ್ದು ಕೇಳಿತು. ಕ್ಲಾಸು ಕಾಯಿತು. ಮಹಾಂತಯ್ಯ ಮೇಷ್ಟ್ರು ಬಾಗಿಲಿಗೆ ಬಂದು, "ಏನ್ರೀ, ಇವತ್ತು ಸದ್ದೇ ಇಲ್ಲ?" ಎಂದರು. ಸುಮ್ಮನಿರಿ ಎಂದು ಕೈ ಮಾಡಿದೆ.

"ಗಡಗಿ ಬೆವರ್ತದ್ರೀ ಮಿಸ್," ಎಂದಿತು ಫೋನು. "ಬೆವರು ಆರಿದಂಗ ಒಳಗ ತಣ್ಣಗ ಆಗ್ತದ." ಆಮೇಲೆ ಅವಸರದಲ್ಲಿ, "ತಪ್ಪೇನ್ರೀ?"

ನಗು ತುಟಿಯವರೆಗೆ ಬಂತು, ತಡೆದುಕೊಂಡೆ. ನನ್ನ ನಗುವನ್ನು ಅವಳು ಎಲ್ಲಿ ನೋಡಿದ್ದಳು ಎಂದು ನನಗೆ ಗೊತ್ತಿತ್ತು.

"ತಪ್ಪಿಲ್ಲ," ಎಂದು ಹೇಳಿ, ಅವಳ ಮಾತನ್ನು ಅವಳು ಹೇಳಿದಂತೆಯೇ ಬೋರ್ಡಿನ ಮೇಲೆ ಬರೆದೆ.