ನಾತ್ಸು ನಕ್ಕದ್ದು

ಮದುವೆಯಾದ ನಾಲ್ಕು ವರ್ಷಗಳಲ್ಲಿ ಗಂಡ ಅತ್ತದ್ದನ್ನು ಅಶ್ವಿನಿ ನೋಡಿದ್ದು ಒಂದೇ ಸಲ, ಅದೂ ಒಂದು ಕಾರ್ಟೂನ್ ಧಾರಾವಾಹಿಗೆ. ಹಡೆದ ಅಪ್ಪ ತೀರಿಕೊಂಡಾಗಲೂ ಸೋಮೇಶನ ಕಣ್ಣು ಒದ್ದೆಯಾಗಿರಲಿಲ್ಲ. ಮಣ್ಣಿಗೆ ಬಂದವರು, "ಹುಡುಗ ಗಟ್ಟಿ ಅದಾನ" ಎಂದು ಮೆಚ್ಚಿಕೊಂಡು ಹೋಗಿದ್ದರು.

ಅವತ್ತು ಭಾನುವಾರ, ತೆಲುಗು ಸೀಮೆಯ ಆದೋನಿಯ ಹತ್ತಿ ಮಾರ್ಕೆಟ್ಟಿಗೆ ರಜೆ. ಉಂಡಾದ ಮೇಲೆ ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದ ಅಶ್ವಿನಿಗೆ ಮೇಲಿನ ಕೋಣೆಯಲ್ಲಿ ಸೋಮೇಶ ಗೋಡೆಗೊರಗಿ ಕೂತಿದ್ದು ಕಾಣಿಸಿತು. ಮೊಣಕಾಲ ಮೇಲೆ ಫೋನು. ಫೋನಿನಲ್ಲಿ ಹಿಮ ಬೀಳುತ್ತಿತ್ತು, ಯಾರೋ ಹುಡುಗ ಓಡುತ್ತಿದ್ದ. ಸೋಮೇಶನ ಗಡ್ಡದವರೆಗೂ ನೀರಿಳಿದಿತ್ತು.

ಅವಳಿಗೆ ಮೊದಲು ಸಂತೋಷವೇ ಆಯಿತು. ಜಪಾನಿನ ಈ ಅನಿಮೆಗಳ ಹುಚ್ಚು ಅವಳದು, ಕರ್ನೂಲಿನ ಹಾಸ್ಟೆಲಿನಲ್ಲಿ ಹತ್ತಿದ್ದು. ಗಂಡನ ಮನೆಗೆ ಬಂದ ಹೊಸತರಲ್ಲಿ ನೋಡುತ್ತ ಕೂತರೆ ಸೋಮೇಶ, "ಕಣ್ಣು ನೋಡು ಅವುಕ್ಕ, ತಾಟಿನಷ್ಟು ಅದಾವ" ಎಂದು ನಗುತ್ತಿದ್ದ. ಅತ್ತೆ ಹೂವಮ್ಮ ನಗುತ್ತಲೂ ಇರಲಿಲ್ಲ. "ಅವನ್ನ ಮಕ್ಕಳಾದ ಮ್ಯಾಲೆ ಮಕ್ಕಳ ಜೋಡಿ ಕುಂತು ನೋಡುವಂತಿ ಬಿಡವಾ" ಎನ್ನುತ್ತಿದ್ದಳು. ಅಶ್ವಿನಿ ಇಯರ್‌ಫೋನ್ ಹಾಕಿಕೊಂಡು ಅಡುಗೆಮನೆಯ ಮೂಲೆ ಹಿಡಿದಿದ್ದಳು. ಈಗ ಗಂಡನೇ ಕದ್ದು ನೋಡುತ್ತಿದ್ದಾನೆ ಎಂದರೆ ತನ್ನ ಸಲುವಾಗಿಯೇ ಇರಬೇಕು ಎಂದುಕೊಂಡಳು.

"ಯಾವುದರಿ ಅದು?"

ಅವನು ಬೆಚ್ಚಿ ಮುಖ ಒರೆಸಿಕೊಂಡ. "'ಏಳನೇ ಪ್ಲಾಟ್‌ಫಾರಂ' ಅಂತ. ತೆಲುಗಿನ್ಯಾಗ ಬಂದೈತಿ. ಮುಗೀತು ಈಗ." ಆಮೇಲೆ ಅವಳಿಗಲ್ಲ, ಗೋಡೆಗೆ ಹೇಳುವಂತೆ ಹೇಳಿದ: "ಕಥಿ ಅಂದ್ರ ಹಿಂಗ ಮುಗೀಬೇಕು. ಮನಸು ತುಂಬಿತು."

ಗಂಡನ ಮನಸ್ಸು ತುಂಬಿಸಿದ ಕಥೆಯನ್ನು ಅಶ್ವಿನಿ ಮೂರು ಮಧ್ಯಾಹ್ನಗಳಲ್ಲಿ ನೋಡಿ ಮುಗಿಸಿದಳು. ಒಟ್ಟು ಹನ್ನೆರಡು ಕಂತು. ಕೆಂಜಿ ಎಂಬವನದು ಚಿಕ್ಕ ಊರಿನಲ್ಲಿ ಬ್ರೆಡ್ಡಿನ ಅಂಗಡಿ. ಅವನು ಪ್ರೀತಿಸಿದ ಸಯೋ ಎಂಬ ಹುಡುಗಿ ಹಡಗುಗಳ ನಕ್ಷೆ ಬರೆಯುವುದನ್ನು ಕಲಿಯಲು ದೊಡ್ಡ ಊರಿಗೆ ಹೊರಟುಹೋಗುತ್ತಾಳೆ. ಮೂರು ವರ್ಷ ಇವನು ಸೊರಗುತ್ತಾನೆ, ಇವನಪ್ಪ ಹಾಸಿಗೆ ಹಿಡಿಯುತ್ತಾನೆ. ಆಗ ನಾತ್ಸು ಎಂಬ ಇನ್ನೊಬ್ಬಳು ಬರುತ್ತಾಳೆ. ಕತ್ತಲಿರುವಾಗಲೇ ಎದ್ದು ಹಿಟ್ಟು ನಾದುತ್ತಾಳೆ, ಮುದುಕನಿಗೆ ಗಂಜಿ ಕುಡಿಸುತ್ತಾಳೆ, ಮುಚ್ಚಿಹೋಗುತ್ತಿದ್ದ ಅಂಗಡಿಯನ್ನು ಎತ್ತಿ ನಿಲ್ಲಿಸುತ್ತಾಳೆ. ಎರಡು ವರ್ಷ ಹೀಗೆ ಕಳೆದು, ಕೆಂಜಿ ಮತ್ತು ನಾತ್ಸುವಿನ ಮದುವೆಗೆ ಒಂದು ದಿನ ಇರುವಾಗ ಸಯೋಳಿಂದ ಕಾಗದ ಬರುತ್ತದೆ: ಏಳನೇ ಪ್ಲಾಟ್‌ಫಾರಮ್ಮಿನಲ್ಲಿ ಇಳಿಯುತ್ತೇನೆ. ಕೆಂಜಿ ಓಡುತ್ತಾನೆ. ಓಡುವ ಮುಂಚೆ ನಾತ್ಸು ಅವನ ಕೋಟು ತಂದು, ತಾನೇ ಗುಂಡಿ ಹಾಕಿ, "ಹೋಗು" ಎಂದು ನಗುತ್ತಾಳೆ. ಕೊನೆಗೆ ಹಿಮ, ರೈಲು, ಅಪ್ಪುಗೆ, ಹಾಡು.

ವಿಡಿಯೋದ ಕೆಳಗೆ ಸಾವಿರಾರು ಜನ ಅಳುವ ಮುಖ, ಹೃದಯ ಎಲ್ಲ ಹಾಕಿದ್ದರು. ಇಷ್ಟು ತೃಪ್ತಿ ಕೊಟ್ಟ ಕೊನೆ ಇನ್ನೊಂದಿಲ್ಲ ಎಂದು ಒಬ್ಬ, ನಾತ್ಸು ದೇವತೆ ಎಂದು ಇನ್ನೊಬ್ಬ. ಅಶ್ವಿನಿಗೆ ಫೋನು ಗೋಡೆಗೆ ಎಸೆಯಬೇಕೆನಿಸಿತು. ಅಷ್ಟು ಸಿಟ್ಟು ಯಾಕೆ ಬಂತೆಂದು ಅವಳಿಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಮಂಡಕ್ಕಿ ಒಗ್ಗಾಣಿ, ಮಿರ್ಚಿ ಬಡಿಸುತ್ತ ಕೇಳಿಯೇಬಿಟ್ಟಳು. "ಆ ನಾತ್ಸು ಯಾಕ ನಕ್ಕಳ್ರಿ?"

"ಯಾರು?"

"ಕೋಟಿನ ಗುಂಡಿ ಹಾಕಿ ಹೋಗು ಅಂದಳಲ್ಲ, ಆಕಿ. ಮರುದಿನ ಲಗ್ನ ಇಟಗೊಂಡು ಯಾಕ ನಕ್ಕಳು?"

ಸೋಮೇಶ ಅಗಿಯುವುದನ್ನು ನಿಲ್ಲಿಸಿದ. "ನೀನೂ ನೋಡಿದೇನು? ದೊಡ್ಡ ಮನಸಿನಾಕಿ, ನಕ್ಕಳು. ಅಡ್ಡ ಬರಲಿಲ್ಲ."

"ಅಡ್ಡ ಬರಾಕ ಆಕಿ ಏನು ದಾರ್‍ಯಾಗಿನ ಕಲ್ಲೇನು? ಎರಡು ವರ್ಷ ಆ ಮನಿ ದುಡದಳು. ಕಥಿ ಬರದಾತ ಆಕಿಗೆ ಅಳಾಕ ಸುದ್ದಾ ಬಿಡಲಿಲ್ಲ. ಆಕಿ ಅತ್ತಿದ್ರ ನೋಡೋರಿಗೆ ರುಚಿ ಕೆಡತಿತ್ತು, ಅದಕ್ಕ ನಗಿಸಿದ."

"ದುಡದ್ರ ಪ್ರೀತಿ ಬರತೈತೇನು ಅಶ್ವಿನಿ? ಕೆಂಜಿ ಮನಸು ಮೊದಲಿಂದ ಎಲ್ಲಿತ್ತೋ ಅಲ್ಲೇ ಇತ್ತು. ನಾತ್ಸುಗ ಅದು ಗೊತ್ತಿತ್ತು. ತಿಳುವಳಿಕಿ ಇದ್ದಾಕಿ."

ಅವನು ತಟ್ಟೆ ನೋಡುತ್ತ ಹೇಳಿದ. ಹೇಳಿದ ಮೇಲೆ ಕಿವಿ ಕೆಂಪಾದವು. ಒಳಗೆ ಅಡುಗೆಮನೆಯಲ್ಲಿ ಎಣ್ಣೆ ಚಟಪಟಿಸುತ್ತಿತ್ತು. ಹೂವಮ್ಮ ಕೈಕೆಲಸ ಬಿಟ್ಟು ಕಿವಿಗೊಟ್ಟಿದ್ದಳು.

"ಇದನ್ನ ನೋಡು ಅಂತ ನಿಮಗ ಹೇಳಿದವರು ಯಾರು?" ಅಶ್ವಿನಿಯ ದನಿ ಸಣ್ಣಗಾಯಿತು.

"ಯಾರೂ ಇಲ್ಲ." ಅವನು ಎದ್ದು ಕೈತೊಳೆದು, ಎರಡು ಮಿರ್ಚಿ ತಟ್ಟೆಯಲ್ಲೇ ಬಿಟ್ಟು, ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿಗೆ ಕೆಲಸಕ್ಕೆ ಹೊರಟುಬಿಟ್ಟ. ಬೈಕಿನ ಸದ್ದು ಓಣಿ ದಾಟುವ ಮುಂಚೆಯೇ ಒಳಗಿನಿಂದ ಹೂವಮ್ಮನ ಮಾತು ಬಂತು.

"ಆ ಎಮ್ಮಿಗನೂರಾಕಿ ಇನ್ನೂ ಈತನ್ನ ಬಿಟ್ಟಿಲ್ಲೇನು?"

ಬಾಯಿತಪ್ಪಿ ಬಂದ ಮಾತು. ಆದರೆ ಹೂವಮ್ಮ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹೆಂಗಸಲ್ಲ. ಅಶ್ವಿನಿ ಹೋಗಿ ಅಡುಗೆಮನೆಯ ಬಾಗಿಲಿಗೆ ನಿಂತಾಗ ಎಲ್ಲವನ್ನೂ ಹೇಳಿದಳು, ಹಾಲಿನವನ ಸುದ್ದಿ ಹೇಳುವಷ್ಟು ಸಲೀಸಾಗಿ. ಶಿವಲಕ್ಷ್ಮಿ ಅಂತ. ಡಿಗ್ರಿ ಕಾಲೇಜಿನಲ್ಲಿ ಇವನ ಜೊತೆಗಿದ್ದವಳು. ಕೂಲಿ ಮಾಡುವವರ ಮಗಳು, ಈಗ ಎಮ್ಮಿಗನೂರಿನಲ್ಲೇ ಸರ್ಕಾರಿ ನೌಕರಿಯಲ್ಲಿದ್ದಾಳೆ. ಸೋಮೇಶ ಆಕೆಯನ್ನೇ ಆಗುತ್ತೇನೆಂದು ಹಟ ಹಿಡಿದಾಗ ಹೂವಮ್ಮ ತಾನೇ ಆ ಮನೆಯ ಬಾಗಿಲಿಗೆ ಹೋಗಿ, ಆಕೆಯ ಅವ್ವನನ್ನು ಓಣಿಯೆಲ್ಲ ಕೇಳುವಂತೆ ಬೈದು ಬಂದಿದ್ದಳು. ಒಂದು ವರ್ಷದೊಳಗೆ ಮಾಧವರಂನಿಂದ ಅಶ್ವಿನಿಯನ್ನು ಸೊಸೆಯಾಗಿ ತಂದರು.

"ಅಂದ್ರ ನನ್ನ ತಂದದ್ದು ಮದ್ದಿಗೇನ್ರಿ ಅತ್ತಿ?"

"ಲಗ್ನ ಆದ್ರ ಎಲ್ಲಾ ಗಂಡಸರೂ ಸರಿ ಹೋಗತಾರ. ಸರಿ ಮಾಡಿಕೊಳ್ಳೂದು ನಿನಗ ಬರಲಿಲ್ಲ, ಅದಕ್ಕ ನಾವೇನು ಮಾಡೂಣು?"

ಅಶ್ವಿನಿ ಸೀರೆ ಬದಲಿಸಿದಳು, ಎಲ್ಲಿಗೆ ಎಂದು ಕೇಳಿದ ಅತ್ತೆಗೆ "ಎಮ್ಮಿಗನೂರಿಗೆ" ಎಂದಷ್ಟೇ ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದಳು. ಎಮ್ಮಿಗನೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಹೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡಳು. ಒಂದೊಂದು ಹಳ್ಳಿ ದಾಟಿದಂತೆ ಮಾತುಗಳು ಇನ್ನಷ್ಟು ಹರಿತವಾದವು. ಸಂಸಾರ ಕೆಡಿಸುವವಳು ಎಂಬ ಪದ ತೆಲುಗಿನಲ್ಲಿ ಚೆನ್ನಾಗಿ ನಾಟುತ್ತದೋ ಕನ್ನಡದಲ್ಲೋ ಎಂದು ಕೂಡ ಯೋಚಿಸಿದಳು.

ಶಿವಲಕ್ಷ್ಮಿ ಅಲ್ಲಿ ವಾರ್ಡ್ ಸಚಿವಾಲಯದಲ್ಲಿ, ಅಂದರೆ ಬಡಾವಣೆಯ ಸರ್ಕಾರಿ ಕಚೇರಿಯಲ್ಲಿ, ನೌಕರಿಗಿದ್ದಳು. ಪಿಂಚಣಿ, ರೇಷನ್ ಕಾರ್ಡು ಎಂದು ಬಂದವರು ಬಾಗಿಲವರೆಗೂ ಸಾಲು ನಿಂತಿದ್ದರು. ಅಶ್ವಿನಿಯೂ ಸಾಲಿನಲ್ಲಿ ನಿಲ್ಲಬೇಕಾಯಿತು. ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಅವಳು ಆ ಹೆಂಗಸನ್ನೇ ನೋಡಿದಳು. ಕಪ್ಪಗೆ, ತೆಳ್ಳಗೆ, ಕನ್ನಡಕ. ಮುದುಕರ ಹೆಬ್ಬೆರಳನ್ನು ಯಂತ್ರದ ಮೇಲೆ ತಾನೇ ಒತ್ತಿ ಹಿಡಿಯುತ್ತ, ಗದರುತ್ತ ಕೆಲಸ ಸಾಗಿಸುತ್ತಿದ್ದಳು.

"ಚೆಪ್ಪಂಡಿ, ಏಮಿ ಪನಿ?" ಬಂದ ಕೆಲಸವೇನೆಂದು ತೆಲುಗಿನಲ್ಲಿ ಕೇಳಿದಳು ಶಿವಲಕ್ಷ್ಮಿ, ತಲೆಯೆತ್ತದೆ.

"ನಾನು ಆದೋನಿ ಸೋಮೇಶನ ಹೆಂಡತಿ."

ಶಿವಲಕ್ಷ್ಮಿ ತಲೆಯೆತ್ತಿದಳು. ಪಕ್ಕದವಳಿಗೆ ಕುರ್ಚಿ ಬಿಟ್ಟುಕೊಟ್ಟು, ಹಿಂದಿನ ವರಾಂಡಕ್ಕೆ ನಡೆದಳು. ಅಲ್ಲಿ ತಿರುಗಿ ನಿಂತು, ಅಶ್ವಿನಿಗೆ ಬಾಯಿ ತೆರೆಯಲು ಬಿಡದೆ ಶುರುಮಾಡಿದಳು.

"ನಿಮ್ಮತ್ತಿ ಬಂದು ನಮ್ಮವ್ವನ್ನ ಬೈದು ಹೋಗ್ಯಾಳ. ಈಗ ಸೊಸಿ ಪಾಳಿ ಏನು? ಬೈಯ್ರಿ ಜಲ್ದಿ, ಮಂದಿ ಕಾಯಾಕತ್ತಾರ."

"ಆ ಏಳನೇ ಪ್ಲಾಟ್‌ಫಾರಂ ನೋಡು ಅಂತ ನೀನ ಹೇಳಿದೆಲ್ಲ ಆತಗ?"

"ಏನು?" ಶಿವಲಕ್ಷ್ಮಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಗಿ, ನಕ್ಕಳು. ಆ ನಗೆಯಲ್ಲಿ ಒಳ್ಳೆಯದೇನೂ ಇರಲಿಲ್ಲ. ಫೋನು ತೆಗೆದು ಹುಡುಕಿ, ಅಶ್ವಿನಿಯ ಮುಖಕ್ಕೆ ಹಿಡಿದಳು. ತಿಂಗಳ ಹಿಂದೆ ಅವಳು ವಾಟ್ಸಾಪಿಗೆ ಹಾಕಿದ ಸ್ಟೇಟಸ್ಸಿನ ಚಿತ್ರ, ಫೋನಿನಲ್ಲಿ ಉಳಿಸಿಕೊಂಡದ್ದು. ಹಿಮದಲ್ಲಿ ಅಪ್ಪಿಕೊಂಡ ಕೆಂಜಿ, ಸಯೋ. ಅದರಡಿ ತೆಲುಗಿನಲ್ಲಿ ಬರೆದಿತ್ತು: ಹನ್ನೆರಡು ಕಂತು ನೋಡಿ ಮೋಸ ಹೋದೆ, ಇಂಥ ಹಾಳು ಕೊನೆ ಬರೆದವನ ಕೆನ್ನೆಗೆ ಬಾರಿಸಬೇಕು.

"ಇದನ್ನ ನೂರಾ ಎಂಬತ್ತು ಮಂದಿ ನೋಡ್ಯಾರ. ನಿನ್ನ ಗಂಡನ ನಂಬರು ಅದರಾಗಿತ್ತು ಅಂತ ನನಗ ಗೊತ್ತಿದ್ದಿಲ್ಲ. ಮೊನ್ನಿ ಭಾನುವಾರ ಮೆಸೇಜ್ ಬಂತು. 'ನಮ್ಮದೂ ಹಿಂಗ ಮುಗೀಬೇಕಿತ್ತು' ಅಂತ. ನಾನೇನು ಬರದೀನಿ, ಆತ ಏನು ಓದ್ಯಾನ! ಅವತ್ತ ಬ್ಲಾಕ್ ಮಾಡೀನಿ."

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೊಂದೂ ಅಶ್ವಿನಿಯ ನಾಲಿಗೆಗೆ ಬರಲಿಲ್ಲ. ಬೇರೇನೋ ಬಂತು. "ನಿನಗ್ಯಾಕ ಹಾಳು ಅನಸ್ತು? ಗೆದ್ದಾಕಿ ಸಯೋ ಅಲ್ಲೇನು?"

"ಏನು ಗೆದ್ದಳು? ಐದು ವರ್ಷ ಹಡಗಿನ ನಕ್ಷಿ ಬರಿಯೂದು ಕಲತು, ದೊಡ್ಡ ಕಂಪನ್ಯಾಗ ಕೆಲಸ ಹಿಡದು, ಎಲ್ಲಾ ಬಿಟ್ಟು ಒಬ್ಬ ಅಳಬುರುಕನ ಬ್ರೆಡ್ಡಿನಂಗಡಿಗೆ ಬಂದಳು. ಆ ಕೆಲಸ ಏನಾತು ಅಂತ ಒಂದು ಮಾತು ಐತೇನು ಅದರಾಗ? ಆಕಿಗೆ ಏನು ಬೇಕು ಅಂತ ಯಾರರ ಕೇಳಿದ್ರೇನು? ನಿನ್ನ ಗಂಡನೂ ಕೇಳಲಿಲ್ಲ. ನಿಮ್ಮತ್ತಿ ನಮ್ಮ ಬಾಗಲದಾಗ ಒದರೂವಾಗ ಆತ ಓಣಿ ತುದ್ಯಾಗ ಬೈಕ್ ಮ್ಯಾಲೆ ಕುಂತಿದ್ದ. ಇಳೀಲಿಲ್ಲ." ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. "ನಿನ್ನ ಮ್ಯಾಲೆ ನನಗೇನೂ ಕನಿಕರ ಇಲ್ಲಮ್ಮ. ಸ್ನೇಹನೂ ಬ್ಯಾಡ. ಇನ್ನೊಮ್ಮಿ ಇಲ್ಲಿಗೆ ಬರಬ್ಯಾಡ."

"ಬರೂದಿಲ್ಲ" ಎಂದಳು ಅಶ್ವಿನಿ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹೂವಮ್ಮ ಫೋನು ಮಾಡಿ ಕರೆಸಿದ್ದಳೆಂದು ಕಾಣುತ್ತದೆ, ಸೋಮೇಶ ಪಡಸಾಲೆಯಲ್ಲಿ ಶತಪಥ ಹಾಕುತ್ತಿದ್ದ. ಬೈಯುತ್ತಾನೆ, ಕೈಯೆತ್ತಿದರೂ ಎತ್ತಿಯಾನು ಎಂದು ಅವಳು ಸಿದ್ಧಳಾಗಿಯೇ ಮೆಟ್ಟಿಲು ಹತ್ತಿದ್ದಳು. ಅವನು ಅದ್ಯಾವುದನ್ನೂ ಮಾಡಲಿಲ್ಲ. ಹತ್ತಿರ ಬಂದು, ಅವ್ವನಿಗೆ ಕೇಳಿಸದಂತೆ ತಗ್ಗಿದ ದನಿಯಲ್ಲಿ ಕೇಳಿದ.

"ಹೆಂಗದಾಳ ಆಕಿ? ನನ್ನ ಬಗ್ಗೆ ಏನರ ಕೇಳಿದಳೇನು?"

ಅಶ್ವಿನಿ ಅವನ ಮುಖ ನೋಡಿದಳು. ಮುಖದಲ್ಲಿ ಕಳ್ಳತನ ಇರಲಿಲ್ಲ, ಹೆದರಿಕೆ ಇರಲಿಲ್ಲ. ಬರೀ ಆಸೆ ಇತ್ತು. ಎದುರು ನಿಂತವಳು ಯಾರೆಂಬುದೇ ಅವನಿಗೆ ಮರೆತುಹೋಗಿತ್ತು. ನಾಲ್ಕು ವರ್ಷ 'ನೀವು' ಎಂದ ಬಾಯಲ್ಲಿ ಅವತ್ತು ಮೊದಲ ಸಲ 'ನೀನು' ಬಂತು.

"ನಿನ್ನ ಅಳಬುರುಕ ಅಂದಳು. ಬೈಕ್ ಇಳೀದಾತ ಅಂದಳು. ಬ್ಲಾಕ್ ಮಾಡ್ಯಾಳ ನಿನ್ನ."

"ಸುಳ್ಳು ಹೇಳಬ್ಯಾಡ!" ಅವನು ಒದರಿದ. ಟೀಪಾಯಿಯ ಮೇಲಿದ್ದ ನೀರಿನ ತಂಬಿಗೆ ಎತ್ತಿ ಗೋಡೆಗೆ ಒಗೆದ. "ನಿನಗ ಹೊಟ್ಟೆಕಿಚ್ಚು. ಆಕಿ ಹಂಗ ಅನ್ನಾಕಿ ಅಲ್ಲ."

ಅಶ್ವಿನಿ ಒಳಗೆ ಹೋಗಿ ಬ್ಯಾಗು ತುಂಬಿದಳು. ತವರಿಗೆ, ಮಂತ್ರಾಲಯದ ಕಡೆಗೆ ಹೋಗುವ ಸಂಜೆಯ ಬಸ್ಸು ಸಿಕ್ಕಿತು.

ಮಾಧವರಂಗೆ ಅವರು ಬಂದದ್ದು ಇಪ್ಪತ್ತೆರಡು ದಿನದ ಮೇಲೆ. ಕಾರಿನಲ್ಲಿ ಸೋಮೇಶ, ಹೂವಮ್ಮ, ಹೂವಮ್ಮನ ಅಣ್ಣ ಕೊಟ್ರಬಸಪ್ಪ. ಅಶ್ವಿನಿಯ ಅಪ್ಪ ಜಮಖಾನ ಹಾಸಿ ಕೂರಿಸಿದರು. ಅವ್ವ ಚಹಾ ಕೊಟ್ಟಳು. ಮಗಳು ಗಂಡನ ಮನೆಗೆ ಮರಳಲಿ ಎಂಬ ಆಸೆ ಇಬ್ಬರ ಮುಖದಲ್ಲೂ ಇತ್ತು, ಮಗಳಿಗದು ಕಾಣುತ್ತಿತ್ತು.

ಕೊಟ್ರಬಸಪ್ಪ ಗಂಟಲು ಸರಿಮಾಡಿಕೊಂಡರು. "ಗೊಂಬಿ ಆಟ ನೋಡಿ ಯಾರರ ಸಂಸಾರ ಮುರಕೊಂತಾರೇನವಾ?"

"ಗೊಂಬಿ ನೋಡಿ ಅಲ್ರಿ ಮಾವ. ನಿಮ್ಮ ಅಳಿಯನ್ನ ನೋಡಿ."

"ಆತ ತಪ್ಪಾತು ಅಂತ ಹೇಳಾಕ ಬಂದಾನ."

"ತಪ್ಪಾತು ಬ್ಯಾಡ. ಒಂದು ಮಾತು ಕೇಳತೀನಿ, ಅದಕ್ಕ ಹೇಳಲಿ." ಅವಳು ಸೋಮೇಶನ ಕಡೆ ತಿರುಗಿದಳು. "ಶಿವಲಕ್ಷ್ಮಿ ಬಾ ಅಂದಿದ್ರ ಹೋಗತಿದ್ದೇನು?"

ಹೂವಮ್ಮ ಮಗನ ತೋಳು ಹಿಡಿದಳು. "ಎಂಥಾ ಪ್ರಶ್ನಿ ಇದು? ಇಲ್ಲ ಅನ್ನು, ಎದ್ದು ಹೋಗೂಣು."

ಸೋಮೇಶ ಚಹಾದ ಬಟ್ಟಲು ಕೆಳಗಿಟ್ಟ. ಇಪ್ಪತ್ತೆರಡು ದಿನದಲ್ಲಿ ಸೊರಗಿದ್ದ. ಅವ್ವನ ಕೈಯನ್ನು ತೋಳಿನಿಂದ ಬಿಡಿಸಿಕೊಂಡು, "ಹೋಗತಿದ್ದೆ" ಎಂದ.

ಅಶ್ವಿನಿ ತನಗೆ ಅಳು ಬರಬಹುದೆಂದುಕೊಂಡಿದ್ದಳು, ಬರಲಿಲ್ಲ. ಸಿಟ್ಟೂ ಅಷ್ಟೇ ಇತ್ತು, ಒಂದು ಗುಂಜಿಯೂ ಇಳಿದಿರಲಿಲ್ಲ. ಆದರೆ ನಾಲ್ಕು ವರ್ಷದಲ್ಲಿ ಈ ಮನುಷ್ಯ ತನಗೆ ಹೇಳಿದ ಮೊದಲ ಖರೇ ಮಾತು ಇದು ಎಂದು ಅವಳಿಗೆ ಗೊತ್ತಾಯಿತು. ಇದರ ಮೇಲೆ ಕಾಲೂರಿ ನಿಲ್ಲಬಹುದು ಎನಿಸಿತು.

"ಚಲೋ ಆತು ಹೇಳಿದ್ದು. ನಾನು ಬರೂದಿಲ್ಲ."

ಅಪ್ಪ "ಅಶ್ವಿನೀ" ಎಂದರು. ಅವಳು ಅವರ ಕಡೆ ನೋಡಲಿಲ್ಲ. ಕೊಟ್ರಬಸಪ್ಪ ಮತ್ತೆ ಅರ್ಧ ಗಂಟೆ ಹಿರಿಯರ ಮರ್ಯಾದೆ, ಮನೆತನ ಎಂದು ಮಾತಾಡಿದರು. ಯಾರೂ ಊಟಕ್ಕೆ ನಿಲ್ಲಲಿಲ್ಲ. ಕಾರು ಹತ್ತುವ ಮುಂಚೆ ಹೂವಮ್ಮ ಹಿಂತಿರುಗಿ ನೋಡಿದಳು.

"ನಿನಗ ಹಟ ಭಾಳ ಐತಿ."

"ಐತ್ರಿ" ಎಂದಳು ಅಶ್ವಿನಿ.

ವಿಚ್ಛೇದನದ ಕಾಗದಪತ್ರ ಮುಗಿಯಲು ಒಂದು ವರ್ಷದ ಮೇಲೆ ಹಿಡಿಯಿತು. ಅಷ್ಟರಲ್ಲಿ ಅವಳು ಕರ್ನೂಲಿನಲ್ಲಿ ಬಿ.ಎಡ್ ಸೇರಿದ್ದಳು. ಕೋರ್ಟಿನ ವರಾಂಡದಲ್ಲಿ ಇಬ್ಬರೂ ಮೂರು ಸಲ ಎದುರುಬದುರು ಕೂರಬೇಕಾಯಿತು. ಎರಡು ಸಲ ಅವಳು ಬಿ.ಎಡ್ ಪುಸ್ತಕ ತೆರೆದು ಓದುತ್ತ ಕೂತಳು. ಮೂರನೆಯ ಸಲ ಸೋಮೇಶ ಮುಂದಕ್ಕೆ ಬಾಗಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕೋರ್ಟಿನ ಜವಾನ ಹೆಸರು ಕೂಗಿದ. ಅಶ್ವಿನಿ ಎದ್ದು ಒಳಗೆ ಹೋದಳು.