ಗೇಟ್ ಕೋಣೆಯ ಬಾಗಿಲು

ಉಮಾಶ್ರೀ ಶಹಾಪುರದ ಸರಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮನೆ ಮಾತ್ರ ಯಾದಗಿರಿಯ ಸ್ಟೇಷನ್ ಏರಿಯಾದಲ್ಲಿ, ಎರಡನೇ ಮಹಡಿಯ ಎರಡು ಕೋಣೆ. ದಿನಾ ಬಸ್ಸಿನಲ್ಲಿ ಹೋಗಿಬರುವ ಬದಲು ಶಹಾಪುರದಲ್ಲೇ ಮನೆ ಮಾಡಬಾರದೇ ಎಂದು ಜೊತೆಯ ಶಿಕ್ಷಕರು ಕೇಳುತ್ತಿದ್ದರು. ಶಹಾಪುರದಲ್ಲಿ ನೋಡಲು ರೈಲಿಲ್ಲ ಎನ್ನುವುದೇ ನಿಜವಾದ ಉತ್ತರ. ಮೂವತ್ತಾರು ವರ್ಷದ ಹೆಂಗಸು ಅದನ್ನು ಹೇಗೆ ಹೇಳುವುದು? ಅವ್ವನಿಗೆ ಯಾದಗಿರಿಯ ನೀರು ಒಗ್ಗಿದೆ ಎಂದು ಹೇಳಿ ಸುಮ್ಮನಾಗುತ್ತಿದ್ದಳು.

ಕಳೆದ ದಸರಾ ರಜೆಯಲ್ಲಿ ವಿಜ್ಞಾನದ ಶಿಕ್ಷಕ ಶ್ರೀಮಂತ ಸರ್ ಹೈದರಾಬಾದಿಗೆ ಹೊರಟಾಗ, ಅವಳು ಒಂದು ವಿಳಾಸ ಕೊಟ್ಟು ಅಲ್ಲಿಂದ ಹಳೆಯದೊಂದು ಪುಟ್ಟ ರೈಲಿನ ಸೆಟ್ ತರಿಸಿಕೊಂಡಳು. ಒಂದು ಇಂಜಿನ್, ಐದು ಗೂಡ್ಸ್ ಡಬ್ಬಿ, ಜೋಡಿಸುವ ಹಳಿಯ ತುಂಡುಗಳು, ಕರೆಂಟಿನ ಒಂದು ಪೆಟ್ಟಿಗೆ. ಎಲ್ಲವೂ ನಿಜದ ರೈಲಿನ ಎಂಬತ್ತೇಳರಲ್ಲಿ ಒಂದು ಪಾಲು. ಶಾಲೆಯ ಪ್ರಯೋಗಾಲಯಕ್ಕೆಂದು ಸರ್ ತಿಳಿದುಕೊಂಡರು, ಅವಳೂ ತಿದ್ದಲಿಲ್ಲ. ಎರಡು ತಿಂಗಳು ಅದು ಅಲ್ಮಾರದಲ್ಲಿ ಸೀರೆಗಳ ಹಿಂದೆ ಕುಳಿತಿತ್ತು.

ಕೊನೆಗೆ ಒಂದು ಭಾನುವಾರ ಅವಳು ಹಾಲಿನ ನೆಲಕ್ಕೆ ಹಳೆಯ ಪೇಪರ್ ಹಾಸಿ, ಅಂಟಿಸಿ, ಮೇಲೆ ಸ್ಕೆಚ್ ಪೆನ್ನಿನಿಂದ ನಕ್ಷೆ ಬರೆಯತೊಡಗಿದಳು. ಅವಳ ಮನಸ್ಸಿನಲ್ಲಿದ್ದದ್ದು ಯಾದಗಿರಿ ಸ್ಟೇಷನ್, ಅದರಾಚೆ ಹಳ್ಳದ ಮೇಲಿನ ಸೇತುವೆ. ಪ್ಲಾಟ್‌ಫಾರ್ಮನ್ನು ಹೆಜ್ಜೆ ಹಾಕಿ ಅಳೆದು ಬಂದಿದ್ದಳು. ಲೆಕ್ಕ ಹಾಕಿದರೆ ಪ್ಲಾಟ್‌ಫಾರ್ಮ್ ಒಂದಕ್ಕೇ ಹತ್ತೊಂಬತ್ತು ಅಡಿ ಬೇಕು. ಹಾಲಿನ ಉದ್ದವೇ ಹತ್ತಡಿ. ಪ್ಲಾಟ್‌ಫಾರ್ಮನ್ನು ಅರ್ಧ ಮಾಡಿದಳು, ಸೇತುವೆಯ ಕಮಾನುಗಳನ್ನು ನಾಲ್ಕಕ್ಕೆ ಇಳಿಸಿದಳು. ಆದರೂ ರೈಲು ಸುತ್ತಿ ಬರಬೇಕು, ಹಳಿ ಒಂದು ಮಿತಿಗಿಂತ ಬಿಗಿಯಾಗಿ ಬಾಗುವುದಿಲ್ಲ. ಮೂರೂವರೆ ಅಡಿ ಅಗಲ, ಐದಡಿ ಉದ್ದದ ಹಲಗೆಯಾದರೂ ಬೇಕು. ಅಷ್ಟು ಜಾಗ ಇದ್ದದ್ದು ಒಂದೇ ಕಡೆ, ಅವ್ವನ ಮಂಚ ಇದ್ದಲ್ಲಿ.

ಅವಳ ತಾಯಿ ಮೋನಮ್ಮ ಅಡುಗೆಮನೆಯ ಬಾಗಿಲಲ್ಲಿ ಕುಳಿತು ತೊಗರಿ ಹಸನು ಮಾಡುತ್ತ ಎಲ್ಲವನ್ನೂ ನೋಡಿದಳು. ಮರುದಿನ ಉಮಾಶ್ರೀ ಶಾಲೆಯಿಂದ ಬರುವಷ್ಟರಲ್ಲಿ ಮಂಚ ಬಿಚ್ಚಿ ಗೋಡೆಗೆ ಆನಿಸಿಯಾಗಿತ್ತು. ಹಾಸಿಗೆಯ ಸುರುಳಿ ಅಡುಗೆಮನೆಯಲ್ಲಿತ್ತು. ಬೆನ್ನಿಗೆ ನೆಲವೇ ಹಿತ ಎಂದಳು ಮೋನಮ್ಮ. ಉಮಾಶ್ರೀಗೆ ಕಣ್ಣಲ್ಲಿ ನೀರು ಬಂತು. ಈ ಹೆಂಗಸು ತನಗಾಗಿ ಇನ್ನೆಷ್ಟು ಜಾಗ ಬಿಡಬೇಕು ಎನಿಸಿತು. ಮಂಚವನ್ನು ಮತ್ತೆ ಜೋಡಿಸಿದಳು, ನಕ್ಷೆಯನ್ನು ಸುತ್ತಿ ಅಲ್ಮಾರದ ಮೇಲೆ ಎಸೆದಳು.

ಎರಡು ದಿನ ಆ ವಿಷಯ ಏಳಲಿಲ್ಲ. ಮೂರನೇ ದಿನ ಚಹಾ ಕುಡಿಯುವಾಗ ಮೋನಮ್ಮನೇ ತೆಗೆದಳು.

"ನಮ್ಮ ಗಾಡಿ ಎಲ್ಲಿ ಗುಂಡಕ ತಿರಗತಾವ? ಈ ಕಡಿಲಿಂದ ಬರತಾವ, ಆ ಕಡಿಗಿ ಹೋಗತಾವ. ಗ್ವಾಡಿ ಗುಂಟ ಸೀದಾ ಹಾಕು."

ಉಮಾಶ್ರೀ ಲೋಟ ಕೆಳಗಿಟ್ಟು ಗೋಡೆ ನೋಡಿದಳು. ಹತ್ತಡಿ ಗೋಡೆ. ಅದರಲ್ಲಿ ಎರಡಡಿಗೆ ಅಲ್ಮಾರ ಅಡ್ಡ. ಅಲ್ಮಾರವನ್ನು ಗೇಣು ಮುಂದಕ್ಕೆ ಎಳೆದರೆ ಹಿಂದೆ ಹಳಿ ಹಾಯಿಸಬಹುದು, ರೈಲು ಅಲ್ಲಿ ಅಡಗಿ ನಿಂತು ಹೊರಬರಬಹುದು. ಕಣ್ಣಿಗೆ ಕಾಣುವುದು ಎಂಟಡಿ, ಅಗಲ ಒಂದಡಿ. ಎದೆಮಟ್ಟಕ್ಕೆ ಒಂದು ಹಲಗೆ, ಅಷ್ಟೇ. ಕೆಳಗೆ ಮಂಚ ಮಂಚದಂತೆಯೇ ಇರುತ್ತದೆ. ವರ್ಷಗಟ್ಟಲೆ ಗಣಿತ ಕಲಿಸಿದ ತನಗೆ ಇದು ಹೊಳೆಯದೆ ಹೋಯಿತಲ್ಲ ಎಂದು ಅವಳಿಗೆ ನಗು ಬಂತು. ಆದರೆ ಎಂಟಡಿಯಲ್ಲಿ ಸ್ಟೇಷನ್ ಹಿಡಿಯುವುದಿಲ್ಲ ಎಂದಳು.

"ಸ್ಟೇಷನ್ ಯಾಕ ಬೇಕು ನಿನಗ?" ಎಂದಳು ಮೋನಮ್ಮ. "ಗೇಟು ಹಾಕು. ನೀ ಬೆಳದದ್ದು ಅಲ್ಲೇ."

ಉಮಾಶ್ರೀಗೆ ಮೂರು ವರ್ಷವಾಗಿದ್ದಾಗ ತಂದೆ ತೀರಿಕೊಂಡಿದ್ದ. ಮೋನಮ್ಮ ರೈಲು ಹಳಿಗೆ ಜಲ್ಲಿ ಹಾಕುವ ಗುತ್ತಿಗೆ ಕೆಲಸಕ್ಕೆ ಸೇರಿದಳು. ಬುಟ್ಟಿಯಲ್ಲಿ ಜಲ್ಲಿ ಹೊತ್ತು ತಂದು ಸುರಿಯುವುದು, ಹಳಿಯ ಬದಿಗೆ ಇಳಿಜಾರು ಕಟ್ಟುವುದು. ಸೈದಾಪುರದ ಈಚೆಗೆ ಒಂದು ರೈಲ್ವೆ ಗೇಟು ಇತ್ತು. ಅಲ್ಲಿಯ ಗೇಟ್‌ಮನ್ ಅಜೀಮ, ಅವನ ಹೆಂಡತಿ ಮಸ್ತಾನಬಿ. ಮೋನಮ್ಮ ಕೂಸನ್ನು ಬಿಸಿಲಲ್ಲಿ ಕೂರಿಸಿಕೊಂಡು ದುಡಿಯುವುದನ್ನು ನೋಡಲಾರದೆ ಮಸ್ತಾನಬಿಯೇ ಬಂದು, ಹಗಲೆಲ್ಲ ನನ್ನ ಹತ್ತಿರ ಬಿಡು ಎಂದು ಕೇಳಿ ಕರೆದೊಯ್ದಿದ್ದಳು. ಹಾಗೆ ಮೂರು ವರ್ಷ. ಶಹಾಪುರದಲ್ಲಿ ಹುಡುಗಿಯರ ಹಾಸ್ಟೆಲ್ ಇದೆ, ಊಟ, ಪುಸ್ತಕ ಎಲ್ಲ ಕೊಡುತ್ತಾರೆ ಎಂದು ಹೇಳಿದವನೂ, ಅರ್ಜಿ ಬರೆದುಕೊಟ್ಟವನೂ ಅಜೀಮನೇ.

ಇಷ್ಟು ಉಮಾಶ್ರೀಗೆ ಗೊತ್ತಿತ್ತು. ನೆನಪಿದ್ದದ್ದು ಕಡಿಮೆ. ತಂಪಾದ ಬಂಡೆಯ ನೆಲ, ಗೇಟು ಇಳಿಸುವ ದೊಡ್ಡ ಚಕ್ರ, ಕೆಂಪು ಹಸಿರು ಗಾಜಿನ ಲಾಂದ್ರ. ಹೊಸ ಪೇಪರ್ ಹಾಸಿ ಇಬ್ಬರೂ ಕುಳಿತರು. ಗೇಟ್ ಕೋಣೆಯ ಬಾಗಿಲು ರಸ್ತೆಗೆ ಮುಖ ಮಾಡಿತ್ತು ಎಂದು ಮೋನಮ್ಮ. ಇಲ್ಲ, ಹೊಲದ ಕಡೆಗಿತ್ತು ಎಂದು ಮಗಳು. ಅಂಗಳದಲ್ಲಿ ಬೇವಿನ ಮರ ಇತ್ತೆಂದು ಮಗಳು, ಹುಣಸೆಮರ ಎಂದು ತಾಯಿ. ಇಬ್ಬರೂ ಬಿಟ್ಟುಕೊಡಲಿಲ್ಲ. ಹೋಗಿ ನೋಡಿದರಾಯಿತು ಎಂದು ಮುಂದಿನ ಭಾನುವಾರ ಸೈದಾಪುರಕ್ಕೆ ರೈಲು ಹತ್ತಿದರು.

ಅಲ್ಲಿ ಗೇಟು ಇರಲಿಲ್ಲ. ರಸ್ತೆ ಹಳಿಯ ಕೆಳಗೆ ಸುರಂಗದಂತೆ ಇಳಿದು ಆಚೆ ಏಳುತ್ತಿತ್ತು. ಕೋಣೆ ಇದ್ದ ಜಾಗದಲ್ಲಿ ಜಾಲಿ ಬೆಳೆದಿತ್ತು. ಮೋನಮ್ಮ ಜಾಲಿಯ ನಡುವೆ ನಿಂತು ಬಹಳ ಹೊತ್ತು ಹಳಿಯ ಬದಿಯ ಜಲ್ಲಿಯನ್ನೇ ನೋಡಿದಳು. ಈಗಿನದು ಯಂತ್ರದಿಂದ ಹಾಕಿದ್ದು, ಚೆನ್ನಾಗಿ ಕೂತಿದೆ ಎಂದಷ್ಟೇ ಹೇಳಿದಳು. ರಸ್ತೆಬದಿಯ ಚಹಾದಂಗಡಿಯವನು ಅಜೀಮನನ್ನು ಬಲ್ಲವನು. ಅಜೀಮ ತೀರಿಕೊಂಡು ಎಂಟು ವರ್ಷವಾಯಿತೆಂದೂ, ಮಸ್ತಾನಬಿ ಸುರಪುರದ ರಂಗಂಪೇಟೆಯಲ್ಲಿ ಮಗಳು ತಸ್ಲೀಮಾಳ ಮನೆಯಲ್ಲಿದ್ದಾಳೆಂದೂ ಹೇಳಿದ.

ಆಕೆ ಬದುಕಿದ್ದಾಳೆ ಎಂದು ಕೇಳಿದ ಕೂಡಲೇ ಮೋನಮ್ಮನ ಮುಖ ಬಾಡಿತು. ಮಗಳಿಗೆ ಅರ್ಥವಾಗಲಿಲ್ಲ. ವಾಪಸು ಬರುವ ರೈಲಿನಲ್ಲಿ ಮೋನಮ್ಮ ನಿಧಾನವಾಗಿ ಹೇಳಿದಳು. ಉಮಾಶ್ರೀಯನ್ನು ಹಾಸ್ಟೆಲ್ಲಿಗೆ ಬಿಟ್ಟುಬಂದ ನಾಲ್ಕನೇ ದಿನ, ಬೆಳಕು ಹರಿಯುವ ಮೊದಲೇ ಗುತ್ತಿಗೆದಾರ ಎಲ್ಲ ಕೂಲಿಗಳನ್ನೂ ಲಾರಿಗೆ ಹತ್ತಿಸಿ ವಾಡಿಯ ಕಡೆ ಕೆಲಸಕ್ಕೆ ಒಯ್ದ. ಗೇಟಿನ ಕಡೆ ಹೋಗಿ ಹೇಳಿ ಬರಲು ಬಿಡಲಿಲ್ಲ. ಹಬ್ಬಕ್ಕೆ ಬಂದು ಹೇಳಿದರಾಯಿತು ಅಂದುಕೊಂಡಳು. ಒಂದು ವರ್ಷ ಹೋಯಿತು, ಎರಡು ಹೋದವು. ಆಮೇಲೆ ಯಾವ ಮುಖ ಹೊತ್ತು ಹೋಗುವುದು ಎಂದು ಸಂಕೋಚ. ಮೂರು ವರ್ಷ ಮಗಳನ್ನು ಸಾಕಿದವಳಿಗೆ ಒಂದು ಮಾತೂ ಹೇಳದೆ ಬಂದುಬಿಟ್ಟೆ ಎನ್ನುವುದು ಅವಳನ್ನು ಮೂವತ್ತು ವರ್ಷ ಚುಚ್ಚಿತ್ತು.

ಮುಂದಿನ ವಾರವೇ ಹೋಗೋಣ ಎಂದು ಉಮಾಶ್ರೀ ಹಟ ಹಿಡಿದಳು. ಬಸ್ಸು ಭೀಮಾ ದಾಟಿ ಶಹಾಪುರದ ಹತ್ತಿರ ಬಂದಾಗ ಮೋನಮ್ಮ ಕಿಟಕಿಯಿಂದ ಮಲಗಿದ ಬುದ್ಧನಂತೆ ಕಾಣುವ ಗುಡ್ಡಕ್ಕೆ ಕೈ ಮುಗಿದಳು. ಸುರಪುರ ಬರುವವರೆಗೂ ಆ ಕೈಗಳನ್ನು ಮಡಿಲಲ್ಲಿ ಹಾಗೆಯೇ ಹಿಡಿದುಕೊಂಡಿದ್ದಳು.

ತಸ್ಲೀಮಾ ಬಾಗಿಲು ತೆರೆದಳು. ಮಸ್ತಾನಬಿ ಒಳಗೆ ಚಾಪೆಯ ಮೇಲೆ ಕುಳಿತಿದ್ದಳು. ಎಪ್ಪತ್ತು ದಾಟಿದ ಜೀವ, ಒಂದು ಕಣ್ಣಿಗೆ ಪೊರೆ. ಮೋನಮ್ಮ ಎದುರು ಕುಳಿತು ತನ್ನ ಹೆಸರು ಹೇಳಿದಳು. ಮುದುಕಿ ಅವಳ ಅಂಗೈ ಹಿಡಿದು ತಿರುವಿ ನೋಡಿದಳು, ಅನಂತರ ಉಮಾಶ್ರೀಯ ಕಡೆ ನೋಡಿದಳು. ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಿದ್ದ ಹುಡುಗಿ ಇವಳೇ ಏನು ಎಂದು ಕೇಳಿದಳು. ಹೌದು ಎಂದಳು ಉಮಾಶ್ರೀ.

ಮೋನಮ್ಮ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಮಸ್ತಾನಬಿಯೇ ಶುರು ಮಾಡಿದಳು.

"ನೀ ಸಿಟ್ಟಿಲೆ ಹೋದಿ ಅಂತ ತಿಳಕೊಂಡಿದ್ದೆ ಮೋನವ್ವ."

"ಸಿಟ್ಟ್ಯಾಕ ಅಕ್ಕ?"

"ಪೋರಿನ್ನ ಕಟ್ಟಿ ಹಾಕತಿದ್ದೆ. ಗಾಡಿ ಬರೂ ಹೊತ್ತಿಗಿ, ಬೆಂಚಿನ ಕಾಲಿಗಿ, ನನ್ನ ದುಪಟ್ಟಾಲೆ. ನಮ್ಮನಿಯವರು ಝಂಡಾ ಹಿಡದು ಹೊರಗ ನಿಂದರತಿದ್ರು. ನನ್ನ ಬಗಲಾಗ ತಸ್ಲೀಮಾ. ಈಕಿ ಗಾಡಿ ಸಪ್ಪಳ ಕೇಳಿದ್ರ ಸಾಕು, ಹಳಿ ಕಡಿಗೇ ಓಡಾಕಿ. ಏನ್ ಮಾಡ್ಲಿ? ಯಾರೋ ನಿನಗ ಹೇಳ್ಯಾರ, ಅದಕ್ಕ ಹೇಳದ ಕೇಳದ ಹೋಗ್ಯಾಳ ಅಂತ ಅವರ ಮುಂದ ಎಷ್ಟೋ ಸಲ ಅತ್ತೀನಿ."

ಮೋನಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು.

"ನೀ ಕಟ್ಟಿದ್ದಕ್ಕ ನನ್ನ ಮಗಳು ಇವತ್ತ ಇಲ್ಲಿ ಕುಂತಾಳ ಅಕ್ಕ. ನಾ ಹೇಳಿ ಹೋಗಬೇಕಿತ್ತು. ಹೇಳಲಿಲ್ಲ."

ಆಮೇಲೆ ಲಾರಿಯ ಕತೆಯನ್ನೂ ಹೇಳಿದಳು. ಇಬ್ಬರು ಹೆಂಗಸರೂ ಅತ್ತರು. ಅಳು ಮುಗಿದ ಮೇಲೆ ಇಷ್ಟು ವರ್ಷ ಇಬ್ಬರೂ ಸುಮ್ಮನೇ ಹೆದರಿಕೊಂಡಿದ್ದಕ್ಕೆ ನಕ್ಕರು. ಉಮಾಶ್ರೀ ಗೋಡೆಗೆ ಒರಗಿ ಕುಳಿತಿದ್ದಳು. ಕಟ್ಟಿಸಿಕೊಂಡ ನೆನಪು ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಒಬ್ಬಳು ಬಿಸಿಲಲ್ಲಿ ಜಲ್ಲಿ ಹೊರುತ್ತಿದ್ದಾಗ ಇನ್ನೊಬ್ಬಳು ಆ ಕೂಸಿನ ಜೀವಕ್ಕೆ ಗಂಟು ಹಾಕಿ ಕಾದಿದ್ದಳು. ತಾನು ದಿನಾ ಬೋರ್ಡಿನ ಮುಂದೆ ನಿಲ್ಲುವುದು ಈ ಎರಡು ಜೊತೆ ಕೈಗಳಿಂದ ಎಂದು ಅವಳಿಗೆ ಅನಿಸಿತು. ಎದ್ದು ಮಸ್ತಾನಬಿಯ ಕಾಲು ಮುಟ್ಟಿದಳು. ಮುದುಕಿ ಕಾಲು ಹಿಂದಕ್ಕೆ ಎಳೆದುಕೊಂಡು, ಮೊದಲು ಉಣ್ಣು ಎಂದಳು.

ಊಟವಾದ ಮೇಲೆ ಉಮಾಶ್ರೀ ಚೀಲದಿಂದ ಪೇಪರಿನ ನಕ್ಷೆ ತೆಗೆದು ಹಾಸಿದಳು. ಇಷ್ಟು ದೊಡ್ಡವಳಾಗಿ ರೈಲಾಟವೇ ಎಂದು ನಗುತ್ತಾರೇನೋ ಎಂಬ ಅಳುಕಿತ್ತು. ಮಸ್ತಾನಬಿ ನಗಲಿಲ್ಲ. ನಕ್ಷೆಯ ಹತ್ತಿರಕ್ಕೆ ಸರಿದು, ಒಳ್ಳೆಯ ಕಣ್ಣನ್ನು ಅದರ ಮೇಲೆ ತಂದು, ಅಡಿಕೆಯ ಡಬ್ಬಿಯನ್ನು ಗೇಟ್ ಕೋಣೆ ಮಾಡಿ ಇಟ್ಟಳು. ಬಾಗಿಲು ರಸ್ತೆಗೂ ಇರಲಿಲ್ಲ, ಹೊಲಕ್ಕೂ ಇರಲಿಲ್ಲ. ಹಳಿಗೆ ಮುಖ ಮಾಡಿತ್ತು, ಒಳಗೆ ಕುಳಿತವನಿಗೂ ಗಾಡಿ ಕಾಣಬೇಕಲ್ಲ ಎಂದಳು. ರಸ್ತೆಯ ಕಡೆ ಇದ್ದದ್ದು ಕಿಟಕಿ. ಮರ ಒಂದಲ್ಲ, ಎರಡು. ಬೇವು ಮುಂದೆ, ಹುಣಸೆ ಹಿಂದೆ. ಉಮಾಶ್ರೀ ಆಡುತ್ತಿದ್ದದ್ದು ಬೇವಿನ ಕೆಳಗೆ, ಮೋನಮ್ಮ ಬುತ್ತಿ ಬಿಚ್ಚುತ್ತಿದ್ದದ್ದು ಹುಣಸೆಯ ಕೆಳಗೆ. ಉಮಾಶ್ರೀ ಒಂದೊಂದನ್ನೂ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡಳು. ನೀರಿನ ಹೂಜಿ, ಮೊಲದ ಗೂಡು, ಲಾಂದ್ರ ನೇತುಹಾಕುವ ಮೊಳೆ. ಎಂಟಡಿ ಹಲಗೆಗೆ ಇನ್ನೇನೂ ಬೇಕಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಹಲಗೆ ಬಂತು. ಮನೆ ಮಾಲೀಕ ವಿಶ್ವಾರಾಧ್ಯ ಗೋಡೆಗೆ ತೂತು ಹೊಡೆಯಲು ಒಪ್ಪುತ್ತಾನೋ ಇಲ್ಲವೋ ಎಂದು ಉಮಾಶ್ರೀ ಹೆದರಿದ್ದಳು. ಅವನು ನಕ್ಷೆ ನೋಡಿ, ಬಡಿಗನಿಗೆ ಕೊಟ್ಟರೆ ಗೋಡೆ ಕೆಡಿಸುತ್ತಾನೆ ಎಂದು ತನ್ನದೇ ಡ್ರಿಲ್ ತಂದು ಕಬ್ಬಿಣದ ಆಧಾರಗಳನ್ನು ತಾನೇ ಕೂರಿಸಿಕೊಟ್ಟ. ಹಳಿ ಜೋಡಿಸಿದ್ದು, ರಟ್ಟಿನಲ್ಲಿ ಕೋಣೆ ಕಟ್ಟಿದ್ದು ಉಮಾಶ್ರೀ. ಜಲ್ಲಿಯನ್ನು ಮಾತ್ರ ಮೋನಮ್ಮ ಮುಟ್ಟಗೊಡಲಿಲ್ಲ. ಹತ್ತಿಕುಣಿಯಿಂದ ಸಣ್ಣ ಕಲ್ಲುಪುಡಿ ತರಿಸಿ, ಎರಡು ಸಲ ಜರಡಿ ಹಿಡಿದು, ಚಹಾ ಚಮಚದಿಂದ ಹಳಿಯ ನಡುವೆ ಸುರಿದು, ಬೆರಳಿನಿಂದ ಇಳಿಜಾರು ಕಟ್ಟುತ್ತಿದ್ದಳು. ವಾರಕ್ಕೆ ಗೇಣುದ್ದ, ಅದಕ್ಕಿಂತ ಹೆಚ್ಚಿಲ್ಲ. ಅವಸರ ಮಾಡಿದರೆ ಗಾಡಿ ಕುಸಿಯುತ್ತದೆ ಎನ್ನುತ್ತಿದ್ದಳು. ಆ ಪುಟ್ಟ ಗಾಡಿಯ ತೂಕ ಒಂದು ಸೇಬಿನಷ್ಟೂ ಇರಲಿಲ್ಲ. ಆದರೂ ಉಮಾಶ್ರೀ ಎದುರಾಡಲಿಲ್ಲ.

ಮಾರ್ಚ್ ತಿಂಗಳಲ್ಲಿ ಮಸ್ತಾನಬಿಯ ಕಣ್ಣಿನ ಪೊರೆ ತೆಗೆದರು. ಅದಾಗಿ ಮೂರು ವಾರಕ್ಕೆ ತಸ್ಲೀಮಾ ಅವಳನ್ನು ಯಾದಗಿರಿಗೆ ಕರೆತಂದಳು. ಎರಡು ಮಹಡಿ ಹತ್ತಿ ಬಂದ ಮುದುಕಿ, ನೀರು ಕೂಡ ಕುಡಿಯದೆ ಹಲಗೆಯ ಮುಂದೆ ನಿಂತಳು. ಉಮಾಶ್ರೀ ಗುಂಡಿ ತಿರುಗಿಸಿದಳು. ಅಲ್ಮಾರದ ಹಿಂದಿನಿಂದ ಇಂಜಿನ್ ಹೊರಬಂದು, ಐದು ಡಬ್ಬಿ ಎಳೆದುಕೊಂಡು ಗೇಟು ದಾಟಿತು. ಆಚೆಯ ಕೊನೆಯಲ್ಲಿ ನಿಂತಿತು, ಹಿಮ್ಮುಖವಾಗಿ ವಾಪಸು ಬಂತು. ಮಸ್ತಾನಬಿ ಮೂರು ಸಲ ಓಡಿಸಿ ನೋಡಿದಳು. ಅನಂತರ ಮೊಲದ ಗೂಡು ಸ್ವಲ್ಪ ಎಡಕ್ಕೆ ಬರಬೇಕು ಎಂದಳು. ಉಮಾಶ್ರೀ ಅದನ್ನು ಕಿತ್ತು ಎಡಕ್ಕೆ ಅಂಟಿಸಿದಳು.

ಸಂಜೆಯ ಬಸ್ಸಿಗೆ ಹೊರಡೋಣವೇ ಎಂದು ತಸ್ಲೀಮಾ ಕೇಳಿದಾಗ ಮೋನಮ್ಮ ಹಲಗೆಯ ಮುಂದೆ ಸ್ಟೂಲಿನ ಮೇಲಿದ್ದಳು. ಎರಡಡಿ ಜಲ್ಲಿ ಇನ್ನೂ ಬಾಕಿ ಇತ್ತು. ಮಸ್ತಾನಬಿ ಕಲ್ಲುಪುಡಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೊಸ ಕಣ್ಣಿನಿಂದ ದಪ್ಪ ಹರಳುಗಳನ್ನು ಆರಿಸಿ ಬದಿಗಿಡುತ್ತಿದ್ದಳು. "ನೀ ಹೋಗವ್ವ," ಎಂದಳು ಮಗಳಿಗೆ, ತಲೆ ಎತ್ತದೆ. "ನಾ ಗುರುವಾರ ಬರತೀನಿ."