ನಮ್ಮ ಮನೆಯವರು ಕಂಪ್ಯೂಟರ್ ಶುದ್ಧಿ ಮಾಡಿದ್ದು

ನನ್ನ ಗಂಡ ದಯಾನಂದ್ ಅವರಿಗೆ ಕಂಪ್ಯೂಟರ್ ಗೊತ್ತು. ಇದನ್ನು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ. ಇಪ್ಪತ್ತೈದು ವರ್ಷದ ಹಿಂದೆ ತಿಪಟೂರಿನಲ್ಲಿ ಮೂರು ತಿಂಗಳ ಕೋರ್ಸ್ ಮಾಡಿ ತಂದ ಸರ್ಟಿಫಿಕೇಟು ಇವತ್ತಿಗೂ ನಮ್ಮ ನಡುಮನೆಯ ಗೋಡೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ನೇತಾಡುತ್ತಿದೆ. ಶುಕ್ರವಾರ ಪಟಗಳಿಗೆ ಹೂ ಮುಡಿಸುವಾಗ ಅದಕ್ಕೂ ಒಂದು ಸಿಕ್ಕಿಸಬೇಕೇನೋ ಎಂದು ಎಷ್ಟೋ ಸಲ ಅನ್ನಿಸಿದೆ.

ಮೊನ್ನೆ ಭಾನುವಾರ ಆ ವಿದ್ಯೆಯೆಲ್ಲ ಒಟ್ಟಿಗೆ ಹೊರಬಂತು. ಅವತ್ತು ಹನ್ನೆರಡು ಗಂಟೆಗೆ ನಮ್ಮ ಮನೆಯಲ್ಲಿ ದಾರಿಯ ನ್ಯಾಯ ಇತ್ತು.

ನಮ್ಮ ತೆಂಗಿನ ತೋಟ ಇರುವುದು ಜವರಪ್ಪನ ತೋಟದ ಹಿಂದೆ. ಅವನ ತೋಟದೊಳಗೆ ಹಾದು ಬಂದರೆ ಮನೆಗೆ ಹತ್ತು ನಿಮಿಷ. ಕೆರೆ ಏರಿ ಹತ್ತಿ ಸುತ್ತು ಹಾಕಿದರೆ ಮುಕ್ಕಾಲು ಗಂಟೆ. ತಲೆಯ ಮೇಲೆ ಹುಲ್ಲಿನ ಹೊರೆ, ಕೆಳಗೆ ನನ್ನ ಎಡ ಮಂಡಿ, ಎರಡೂ ಸೇರಿದರೆ ಒಂದು ಗಂಟೆ. ಹೋದ ವರ್ಷ ಯುಗಾದಿ ಕಳೆದ ಮೇಲೆ ಊರಿನ ಹಿರಿಯರು ಮರುಳಪ್ಪನವರು ನಮ್ಮ ಮನೆಯಲ್ಲೇ ಕೂತು ಮಾತಾಡಿ ಜವರಪ್ಪನಿಂದ ದಾರಿ ಕೊಡಿಸಿದ್ದರು. ಎಂಟು ತಿಂಗಳು ಚೆನ್ನಾಗಿ ಓಡಾಡಿದೆ. ಆಮೇಲೊಂದು ದಿನ ನೋಡಿದರೆ ದಾರಿಗೆ ಅಡ್ಡಲಾಗಿ ಜಾಲಿ ಮುಳ್ಳು.

"ನಿಮ್ ಬೋರ್‌ನಿಂದ ವಾರಕ್ಕೆ ಎರಡು ದಿನ ನೀರು ಬುಡ್ತೀನಿ ಅಂತ ಮಾತಾಗಿತ್ತಲ್ಲ ವನಜಕ್ಕ. ಒಂದು ತೊಟ್ಟೂ ಬುಟ್ಟಿಲ್ಲ," ಅಂದ ಜವರಪ್ಪ.

ನಾನು ಮನೆಗೆ ಬಂದು ಕೇಳಿದೆ. "ನೀರಿನ ಮಾತೇ ಬಂದಿಲ್ಲ," ಅಂದರು ನಮ್ಮವರು. ಮಾತಾದ ದಿನ ನಾನು ಒಳಗೆ ಕಾಫಿ ಕಾಯಿಸುತ್ತಿದ್ದೆ, ಕೇಳಿಸಿಕೊಂಡಿರಲಿಲ್ಲ. ಕೇಳೋಣವೆಂದರೆ ಮರುಳಪ್ಪನವರು ದೀಪಾವಳಿಗೆ ಮೊದಲೇ ತೀರಿಹೋಗಿದ್ದರು. ಹೆಂಡತಿಯಾದವಳು ಯಾರನ್ನಾದರೂ ನಂಬಬೇಕಲ್ಲ, ಗಂಡನನ್ನೇ ನಂಬಿದೆ. ನಂಬಿಕೊಂಡು ಮೂರು ತಿಂಗಳು ಕೆರೆ ಏರಿಯ ಮೇಲೆ ನಡೆದೆ.

ನಮ್ಮ ಕಡೆ ಸಾಕ್ಷಿ ಇತ್ತು. ಆ ದಿನ ನಮ್ಮವರು ಹೊಸ ಫೋನನ್ನು ಕಿಟಕಿಗೆ ಒರಗಿಸಿಟ್ಟು ಇಡೀ ಮಾತುಕತೆಯ ವಿಡಿಯೋ ತೆಗೆದಿದ್ದರು. ಹೊಸ ಫೋನು ಬಂದ ಮೇಲೆ ಹಸು ಕರು ಹಾಕಿದ್ದು, ಕರು ಎದ್ದು ನಿಂತಿದ್ದು, ಮತ್ತೆ ಮಲಗಿದ್ದು, ಎಲ್ಲದರದ್ದೂ ವಿಡಿಯೋ. ತೆಗೆಯುವುದು ಅವರ ಹವ್ಯಾಸ. ತೆಗೆದದ್ದನ್ನು ನೋಡುವುದು ಯಾರ ಹವ್ಯಾಸವೂ ಅಲ್ಲ. ಫೋನು ದನದ ನೀರಿನ ತೊಟ್ಟಿಗೆ ಬಿದ್ದು ಸತ್ತರೂ, ಮೊದಲೇ ಕಂಪ್ಯೂಟರಿಗೆ ಹಾಕಿಟ್ಟಿದ್ದರಿಂದ ವಿಡಿಯೋಗಳು ಉಳಿದಿದ್ದವು. "ವಿಡಿಯೋ ಐತೆ ಕಣ್ಲಾ" ಎಂದು ಊರೆಲ್ಲ ಸಾರಿಕೊಂಡು ಬಂದದ್ದಕ್ಕೆ ಮರುಳಪ್ಪನವರ ತಮ್ಮ ಲಕ್ಕಯ್ಯನವರು, "ಹಂಗಾರೆ ಭಾನುವಾರ ನೋಡೇ ಬುಡಾನ," ಅಂದಿದ್ದರು.

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ನಮ್ಮವರಿಗೆ ಕಂಪ್ಯೂಟರನ್ನು ಶುದ್ಧಿ ಮಾಡಬೇಕು ಅನ್ನಿಸಿತು.

ಕಾರಣ ಇಲ್ಲದಿರಲಿಲ್ಲ. ಪುಕ್ಕಟೆ ಎಂದು ಅವರೇ ಇಳಿಸಿಕೊಂಡ ಒಂದು ವಿಡಿಯೋ ಪ್ಲೇಯರ್ ಅದರಲ್ಲಿ ಮನೆ ಮಾಡಿಕೊಂಡಿತ್ತು. ಕಂಪ್ಯೂಟರ್ ಹಾಕಿದ ಕೂಡಲೇ ಪೀಂ ಎಂದು ಊದಿ, ಮೂಲೆಯಿಂದ ಒಬ್ಬಳು ಹುಡುಗಿ ಕುಣಿಯುತ್ತ ಬಂದು, ದುಡ್ಡು ಕೊಟ್ಟು ಪ್ರೀಮಿಯಂ ತಗೊಳ್ಳಿ ಎನ್ನುತ್ತಿದ್ದಳು. ಎರಡು ವರ್ಷದಿಂದ ದಿನವೂ ಕುಣಿದಿದ್ದಾಳೆ. ನಮ್ಮವರು ಬೇಜಾರು ಮಾಡಿಕೊಂಡದ್ದನ್ನು ನಾನು ಕಂಡಿರಲಿಲ್ಲ.

"ಲಕ್ಕಯ್ಯಣ್ಣಾರ ಮುಂದೆ ಇವಳು ಬಂದು ಕುಣುದ್ರೆ ನನ್ ಮರ್ಯಾದೆ ಏನಾಗ್ಬೇಕು?" ಅಂದರು.

"ನ್ಯಾಯ ಮುಗ್ದ ಮೇಲೆ ತೆಗೀರಿ. ಇವತ್ತೇ ಯಾಕೆ?"

"ನಿಂಗೇನ್ ಗೊತ್ತಾಯ್ತದೆ, ಸುಮ್ನಿರೇ."

ನಾನು ಸುಮ್ಮನಾದೆ. ನಮ್ಮ ಮನೆಯಲ್ಲಿ ಅನಾಹುತಗಳೆಲ್ಲ ಶುರುವಾಗುವುದು ನಾನು ಸುಮ್ಮನಾದ ಮೇಲೆಯೇ.

ಕಂಪ್ಯೂಟರಿನಲ್ಲಿ ಇರುವ ಸಾಫ್ಟ್‌ವೇರುಗಳ ಪಟ್ಟಿ ತೆಗೆದರು. ಒಂದೊಂದರ ಪಕ್ಕದಲ್ಲೂ ಅದು ಬಂದ ತಾರೀಖು. ಪ್ಲೇಯರಿನ ಮುಂದೆ ಇದ್ದದ್ದು ಬಸವ ಜಯಂತಿಯ ತಾರೀಖು, ಎಂದರೆ ಕಂಪ್ಯೂಟರ್ ತಂದ ದಿನ. ಅದೇ ತಾರೀಖಿನಲ್ಲಿ ಇನ್ನೂ ಹದಿಮೂರು ಹೆಸರು. ಕಂಪ್ಯೂಟರಿಗೆ ಬೇಕಾದವು ಎಂದು ಆ ಹದಿಮೂರನ್ನೂ ಅಂಗಡಿಯವನು ಅವತ್ತೇ ಹಾಕಿಕೊಟ್ಟಿದ್ದ ಎಂಬುದು ನನ್ನ ನೆನಪಿನಲ್ಲಿತ್ತು. ಅವರ ನೆನಪಿನಲ್ಲಿ ತೆಂಗಿನ ಮರ ಇತ್ತು. ನಮ್ಮ ಕಡೆ ಕಾಯಿ ಕೆಡವುವಾಗ ಒಂದೊಂದೇ ಕಾಯಿ ಕೀಳುವುದಿಲ್ಲ. ಗೊನೆಯ ಬುಡಕ್ಕೆ ಕತ್ತಿ ಹಾಕಿದರೆ ಇಡೀ ಗೊನೆ ಇಳಿಯುತ್ತದೆ. "ಒಂದೇ ದಿನ ಬಂದವು ಅಂದ್ರೆ ಎಲ್ಲಾ ಒಂದೇ ಗೊನೆಯವು ಕಣೇ," ಎಂದು ಹದಿನಾಲ್ಕನ್ನೂ ಕೆಡವಿದರು. ಪ್ರತಿ ಸಲವೂ ಕಂಪ್ಯೂಟರು, ನಿಜವಾಗಿಯೂ ತೆಗೆಯಲೇ ಎಂದು ಕೇಳುತ್ತಿತ್ತು. ನನ್ನನ್ನು ಮದುವೆಗೆ ಒಪ್ಪಿಗೆಯೇ ಎಂದು ಕೇಳಿದವರು ಕೂಡ ಅಷ್ಟು ವಿನಯದಿಂದ ಕೇಳಿರಲಿಲ್ಲ. ಹದಿನಾಲ್ಕು ಸಲವೂ ಇವರು ಹೌದು ಎಂದು ಒತ್ತಿದರು.

ಆಫ್ ಮಾಡಿ ಆನ್ ಮಾಡಿದರು. ಹುಡುಗಿ ಬರಲಿಲ್ಲ. ನಮ್ಮವರ ಮುಖದಲ್ಲಿ ಗೆಲುವು ಬಂತು, ಎರಡು ನಿಮಿಷ ಇತ್ತು.

ಆಮೇಲೆ ನ್ಯಾಯದ ವಿಡಿಯೋ ಒತ್ತಿದರು. ಅದು ಬರಿಯ ಬಿಳಿ ಹಾಳೆಯ ಗುರುತಾಗಿ ಕೂತಿತ್ತು. ನನ್ನನ್ನು ಯಾವುದರಲ್ಲಿ ತೆರೆಯುತ್ತೀರಿ ಎಂದು ಕೇಳಿತು. ಕೆಳಗಡೆ ಸ್ಪೀಕರಿನ ಚಿತ್ರದ ಮೇಲೆ ಕೆಂಪು ಗುಣಾಕಾರದ ಗುರುತು. ಇದು ಸಾಲದು ಎಂದು, ತೆಗೆದು ಹಾಕಿದ ಪ್ಲೇಯರಿನ ಕಡೆಯಿಂದಲೇ ಒಂದು ಚೀಟಿ ಬಂತು, ನನ್ನ ಒಂದು ಫೈಲು ಕಾಣುತ್ತಿಲ್ಲ ಎಂದು. ಮನೆಯಿಂದ ಹೊರಗೆ ಹಾಕಿಸಿಕೊಂಡವಳು ಚಪ್ಪಲಿ ಬಿಟ್ಟು ಬಂದೆ ಎಂದು ಬಾಗಿಲು ಬಡಿದ ಹಾಗೆ.

ಸರ್ಟಿಫಿಕೇಟಿನ ವಿದ್ಯೆ ಶುರುವಾಯಿತು. ಮೊದಲು ಸ್ಪೀಕರಿನ ವೈರು ಕಿತ್ತು ಚುಚ್ಚಿದರು. ಆಮೇಲೆ ಐದು ಸಲ ಆಫ್ ಮಾಡಿ ಆನ್ ಮಾಡಿದರು. ಆರನೆಯ ಸಲ ವೈರುಗಳನ್ನೆಲ್ಲ ಕಿತ್ತು, ಸಿಪಿಯು ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಅಟ್ಟದ ಮೇಲೆ ವರ್ಷ ಕಳೆದ ಕಾಯಿಯನ್ನು ನಾವು ಹಾಗೇ ನೋಡುವುದು. ಒಳಗೆ ಗೊಟಗೊಟ ಅಂದರೆ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದು ಅರ್ಥ. ಡಬ್ಬವೂ ಗೊಟಗೊಟ ಅಂದಿತು.

"ಒಳಗೆ ಏನೋ ಬುಟ್ಕೊಂಡೈತೆ," ಅಂದರು, ಬಲು ಗಂಭೀರವಾಗಿ.

"ಒಣಗೈತೆ ಅನ್ಸುತ್ತೆ. ಸುಲ್ದು ತಿಪಟೂರು ಕೊಬ್ಬರಿ ಮಾರ್ಕೆಟ್ಟಿಗೆ ಹಾಕ್ಬುಡಿ," ಅಂದೆ.

ಅವರು ನನ್ನ ಕಡೆ ನೋಡಿದ ನೋಟವನ್ನು ಬರೆಯುವುದಿಲ್ಲ. ಬೆವರು ಒರೆಸಿಕೊಂಡು ತೋಟದ ಕಡೆ ಹೋದರು. ಆಗ ಹನ್ನೊಂದು ಗಂಟೆ. ನನಗೆ ಭಯ ಶುರುವಾಯಿತು. ಮರ್ಯಾದೆ ಹೋದರೆ ಅವರದು, ಅದು ಅಭ್ಯಾಸವಿದೆ. ದಾರಿ ಹೋದರೆ ನನ್ನದು. ಮಳೆಗಾಲ ಮುಂದಿತ್ತು, ಏರಿಯ ಮೇಲಿನ ಜಾರು ನೆನೆಸಿಕೊಂಡರೆ ಮಂಡಿ ಈಗಲೇ ನೋಯುತ್ತಿತ್ತು.

ವೈರುಗಳನ್ನು ಇದ್ದ ಹಾಗೇ ಚುಚ್ಚಿ ನನ್ನ ಅಣ್ಣನ ಮಗಳು ಚೈತ್ರಳಿಗೆ ಫೋನ್ ಮಾಡಿದೆ. ಅವಳು ಚಿಕ್ಕನಾಯಕನಹಳ್ಳಿಯಲ್ಲಿ ಕಾಲೇಜು ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಅವಳ ಸರ್ಟಿಫಿಕೇಟು ಯಾವ ಗೋಡೆಯ ಮೇಲೂ ಇಲ್ಲ.

"ಅತ್ತೆ, ಆ ಫೈಲ್‌ನ ನಿಮ್ ಫೋನಿಗೆ ಹಾಕ್ಕಂಡು ನೋಡಿ," ಅಂದಳು. ನಮ್ಮ ಮನೆಯಲ್ಲಿದ್ದ ಫೋನಿನ ವೈರು ಚಾರ್ಜ್ ಮಾತ್ರ ಮಾಡುತ್ತಿತ್ತು. ವಾಟ್ಸಾಪಿನಲ್ಲಿ ಕಳಿಸೋಣವೆಂದರೆ ಅಷ್ಟು ದೊಡ್ಡ ವಿಡಿಯೋವನ್ನು ನಮ್ಮೂರಿನ ನೆಟ್‌ವರ್ಕು ಹೊರುವುದಿಲ್ಲ. "ಹಂಗಾರೆ ಫೈಲಿನ ಮೇಲೆ ಬಲಗಡೆ ಬಟನ್ ಒತ್ತಿ, ಕಂಪ್ಯೂಟರ್ ಜೊತೆಗೇ ಬಂದಿರೋ ಪ್ಲೇಯರ್ ಒಂದೈತೆ, ಅದರಲ್ಲಿ ತೆಗೀರಿ."

ಒತ್ತಿದೆ. ಚಿತ್ರ ಬಂತು. ನಮ್ಮ ನಡುಮನೆ, ಚಾಪೆ, ತೀರಿಹೋದ ಮರುಳಪ್ಪನವರು. ಆದರೆ ಸದ್ದಿಲ್ಲ.

"ಸದ್ದು ಬರ್ಸೋ ಸಾಫ್ಟ್‌ವೇರು, ಸೌಂಡ್ ಡ್ರೈವರ್‌ನೂ ಮಾವ ಕಿತ್ತಾಕವ್ರೆ ಅತ್ತೆ. ಸಿಸ್ಟಮ್ ರೀಸ್ಟೋರ್ ಅಂತ ಒಂದೈತೆ, ಅದು ಕಂಪ್ಯೂಟರ್‌ನ ನಿನ್ನೆ ಇದ್ದಂಗೆ ಮಾಡುತ್ತೆ. ಆದ್ರೆ ಮಾವ ತೆಗ್ದಿದ್ದೆಲ್ಲಾ ವಾಪಸ್ ಬತ್ತದೆ." ಅದನ್ನು ಮಾಡುವ ಬಗೆಯನ್ನು ನಾನು ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುವಷ್ಟರಲ್ಲಿ ಹೊರಗೆ ಲಕ್ಕಯ್ಯನವರ ಕೆಮ್ಮು ಕೇಳಿಸಿತು.

ಲಕ್ಕಯ್ಯನವರು ಕುರ್ಚಿಯಲ್ಲಿ ಕೂತರು. ಜವರಪ್ಪ ಚಾಪೆಯ ತುದಿಯಲ್ಲಿ ಕೂತ. ತೋಟದಿಂದ ಬಂದ ನಮ್ಮವರು ಪರದೆಯ ಮೇಲೆ ಚಿತ್ರ ನೋಡಿ ಒಂದು ಕ್ಷಣ ಬೆಪ್ಪಾಗಿ, ತಕ್ಷಣ, "ರೆಡಿ ಮಾಡಿಟ್ಟಿದ್ದೆ," ಅಂದರು.

ವಿಡಿಯೋ ಓಡಿತು. ಎಲ್ಲರ ಬಾಯಿಯೂ ಆಡುತ್ತಿತ್ತು, ಮಾತು ಮಾತ್ರ ಇರಲಿಲ್ಲ.

"ನೋಡಿ, ಇಲ್ಲಿ ದಾರಿ ಕೊಟ್ಟೆ ಅಂತಾವ್ನೆ," ಅಂದರು ನಮ್ಮವರು.

"ಇಲ್ಲಿ ನೀನು ನೀರು ಬುಡ್ತೀನಿ ಅಂತಿದ್ದೀಯ," ಅಂದ ಜವರಪ್ಪ.

"ಅದು ಆಕಳಿಸ್ತಿರೋದು ಕಣ್ಲಾ."

ಹೀಗೆ ಇಬ್ಬರೂ ಪರದೆಯ ಬಾಯಿಗಳಿಗೆ ತಮಗೆ ಬೇಕಾದ ಮಾತು ತುಂಬುತ್ತ ಹೋದರು. ಲಕ್ಕಯ್ಯನವರು ಇಬ್ಬರ ಕಡೆಗೂ ನೋಡಲಿಲ್ಲ. ಹೆಗಲ ಟವಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅಣ್ಣನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಪರದೆಯಲ್ಲಿ ನಾನೇ ತಟ್ಟೆ ಹಿಡಿದು ಬಂದೆ. ಜವರಪ್ಪ ತಟ್ಟೆಯಿಂದ ಎಲೆ ಅಡಿಕೆ ಎತ್ತಿಕೊಂಡು, ಎರಡೂ ಕೈಯಲ್ಲಿ ಹಿಡಿದು, ನಮ್ಮವರ ಕೈಗೆ ಇಟ್ಟ. ಮರುಳಪ್ಪನವರು ತಲೆ ಆಡಿಸಿದರು.

"ಅಲ್ಲೇ ನಿಲ್ಸು," ಅಂದರು ಲಕ್ಕಯ್ಯನವರು. "ಇದು ನೀನೇ ಏನಪ್ಪ ಜವರಪ್ಪ?"

"ನಾನೇ ಕಣಣ್ಣ."

"ನಮ್ಮಣ್ಣನ ಮುಂದೆ ಎಲೆ ಅಡಿಕೆ ಕೊಟ್ಟಿದ್ದೀಯ. ಅಲ್ಲಿಗೆ ಮುಗೀತು. ಮಾತು ಕೇಳುದ್ರೆಷ್ಟು, ಬುಟ್ರೆಷ್ಟು. ನೀರಿಂದು ಸಾಕ್ಷಿ ಇಲ್ಲ. ಮುಳ್ಳು ತೆಗಿ."

ಜವರಪ್ಪ ಸರಿ ಎನ್ನುವಂತೆ ತಲೆಯಾಡಿಸಿದ. ಅವನ ಮುಖ ನೋಡಿ ನನಗೆ ಒಳಗೆಲ್ಲೋ ಚುರುಕ್ಕೆಂದಿತು. ಆದರೂ ಸುಳ್ಳು ಹೇಳುವುದಿಲ್ಲ, ಮೂರು ತಿಂಗಳ ಮೇಲೆ ಮೊದಲ ಸಲ ಮಂಡಿ ಹಗುರವಾಯಿತು. ಕಾಫಿ ತರಲು ಎದ್ದೆ.

ಗೆದ್ದ ಗಂಡಸು ಅಲ್ಲಿಗೆ ಸುಮ್ಮನೆ ಕೂರಬಹುದಿತ್ತು. ಆದರೆ ಕಂಪ್ಯೂಟರ್ ಬಲ್ಲವರ ಮನೆಯಲ್ಲಿ ಕಂಪ್ಯೂಟರ್ ಮೂಕವಾಗಿದೆ ಎಂಬ ಮಾತು ಊರಿನಲ್ಲಿ ಹಬ್ಬಿದರೆ? ಅವರ ಕಣ್ಣು ಕ್ಯಾಲೆಂಡರಿನ ಹಿಂದೆ ನಾನು ಬರೆದಿದ್ದರ ಮೇಲೆ ಬಿತ್ತು.

"ಸಾಕು ಬುಡ್ರೀ. ನ್ಯಾಯ ಮುಗೀತಲ್ಲ," ಅಂದೆ.

"ನಾಳೆ ಇವ್ನು ಮತ್ತೆ ನೀರು ಅಂತ ಬಂದ್ರೆ? ನೀರಿನ ಮಾತೇ ಬಂದಿಲ್ಲ ಅನ್ನೋದ್ನ ಕಿವಿಯಾರೆ ಕೇಳುಸ್ಬುಡ್ತೀನಿ. ಕಾಫಿ ಕುಡೀತಾ ಇರಿ ಲಕ್ಕಯ್ಯಣ್ಣ, ಇಪ್ಪತ್ತು ನಿಮಿಷ."

ಇಪ್ಪತ್ತು ನಿಮಿಷ ಎಂದದ್ದು ಇಪ್ಪತ್ತೇ ನಿಮಿಷದಲ್ಲಿ ಆದದ್ದು ನಮ್ಮ ಮನೆಯಲ್ಲಿ ಅದೊಂದೇ. ಕಂಪ್ಯೂಟರ್ ಎದ್ದ ಕೂಡಲೇ ಪೀಂ ಎಂದು ಊದಿತು. ಹುಡುಗಿ ಕುಣಿಯುತ್ತ ಬಂದಳು. ಲಕ್ಕಯ್ಯನವರು ಅವಳನ್ನು ಆಸಕ್ತಿಯಿಂದಲೇ ನೋಡಿದರು. ನಮ್ಮವರು ಅವಳನ್ನು ಪಕ್ಕಕ್ಕೆ ಸರಿಸಿ ವಿಡಿಯೋ ಹಾಕಿದರು.

ಮೊದಲು ಜವರಪ್ಪನ ದನಿ ಬಂತು. "ನೀರಿಗೋಸ್ಕರ ಅಲ್ಲ ಕಣ್ಲಾ ದಯಾನಂದ. ವನಜಕ್ಕ ಹೊರೆ ಹೊತ್ಕೊಂಡು ಏರಿ ಮೇಲೆ ಕುಂಟ್ಕೊಂಡು ಬರೋದ ನೋಡಕ್ಕಾಗಲ್ಲ. ದಾರಿ ತಗಾ. ನೀನೂ ವಾರಕ್ಕೆ ಎರಡು ದಿನ ನೀರು ಬುಡು, ನನ್ ಸಸಿ ಉಳ್ಕಳ್ಳಿ."

ಆಮೇಲೆ ನಮ್ಮವರ ದನಿ, ಮನೆ ತುಂಬ. "ನೀರು ಬುಡ್ತೀನಿ ಕಣ್ಲಾ, ಎರಡಲ್ಲ ಮೂರು ದಿನ ತಗಾ. ಅವಳ ಚಿಂತೆ ಬುಡು, ಅವಳಿಗೆ ನಡ್ದು ನಡ್ದು ಅಭ್ಯಾಸ ಆಗೈತೆ. ದಾರಿ ಬೇಕಾಗಿರೋದು ಟ್ರ್ಯಾಕ್ಟರಿಗೆ."

ಅದಾದ ಮೇಲೆ ನಾನು ತಟ್ಟೆ ಹಿಡಿದು ಬಂದೆ. ನಗುತ್ತ ಬಂದಿದ್ದೆ.

ಲಕ್ಕಯ್ಯನವರು ಟವಲನ್ನು ಹೆಗಲಿಗೆ ಹಾಕಿಕೊಂಡು, "ಮೂರು ದಿನ ನೀರು. ನಿನ್ ಬಾಯಲ್ಲೇ ಬಂತಲ್ಲಪ್ಪ," ಎಂದು ಎದ್ದರು. ಜವರಪ್ಪ ನನ್ನ ಕಡೆ ನೋಡದೆ, "ಮುಳ್ಳು ತೆಗೀತೀನಿ ವನಜಕ್ಕ," ಎಂದು ಹೊರಟ. ನಮ್ಮವರು ಏನೋ ಹೇಳಲು ಬಾಯಿ ತೆರೆದರು. ಈ ಸಲ ನಿಜವಾಗಿಯೂ ಸೌಂಡ್ ಬರಲಿಲ್ಲ.

ನನಗೆ ಸಿಟ್ಟು ಬಂತು, ಅಳುವೂ ಬಂತು. ಮೊದಲು ಬಂದದ್ದು ಯಾವುದು ಎಂದು ಹೇಳಲಾರೆ. ಮೂರು ತಿಂಗಳಿನಿಂದ ಹೊರೆ ಹೊತ್ತು ಬರುವಾಗೆಲ್ಲ ನಾನು ಮನಸ್ಸಿನಲ್ಲಿ ಬೈದುಕೊಂಡದ್ದು ಜವರಪ್ಪನನ್ನು.

ಮೂರು ಗಂಟೆಗೆ ತ್ರೀಫೇಸ್ ಕರೆಂಟು ಬಂತು. ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದೆ. ಮೋಟರು ಹಾಕಿ, ಗೇಟ್‌ವಾಲನ್ನು ಎರಡೂ ಕೈಯಲ್ಲಿ ತಿರುಗಿಸಿ ನೀರನ್ನು ಜವರಪ್ಪನ ಕಡೆಗೆ ಬಿಟ್ಟೆ. ಹುಲ್ಲು ಕೊಯ್ದು ಹೊರೆ ಕಟ್ಟಿ ಅವನ ತೋಟದೊಳಗೆ ಹಾದು ಬಂದೆ. ಮುಳ್ಳು ಇರಲಿಲ್ಲ. ಹೊರೆ ಇದ್ದರೂ ಹದಿನೈದು ನಿಮಿಷ ಸಾಕಾಯಿತು.

ಮನೆಗೆ ಬಂದಾಗ ನಮ್ಮವರು ಕಂಪ್ಯೂಟರಿನ ಮುಂದೆ ಕೂತಿದ್ದರು. ಪರದೆಯ ಮೇಲೆ ಆ ವಿಡಿಯೋದ ಹೆಸರು, ಅದರ ಮುಂದೆ ಅದೇ ಪ್ರಶ್ನೆ, ನಿಜವಾಗಿಯೂ ತೆಗೆಯಲೇ ಎಂದು. ಹೌದು ಎನ್ನುವುದರ ಮೇಲೆ ಬಾಣ ಇಟ್ಟುಕೊಂಡು, ಮದುವೆಯಾದ ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ, ಒತ್ತುವ ಮುಂಚೆ ನನ್ನ ಮುಖ ನೋಡಿದರು.

"ಇದ್ನ ತೆಗ್ದಾಕ್ಬುಡ್ಲೇನೇ?"

"ಬ್ಯಾಡ," ಅಂದೆ, ಹೊರೆ ಇಳಿಸುತ್ತ. "ಇರ್ಲಿ ಬುಡಿ. ನಂಗೆ ಅಭ್ಯಾಸ ಆಗೈತಲ್ಲ."